ಮಳೆ ಇಲ್ಲ, ಆದರೂ ಬೆಳಿಗ್ಗೆ ಟೆಂಟ್ ಒಳಗೆಲ್ಲ ನೀರು (ಹಳ್ಳದ ಪಕ್ಕದ ಕ್ಯಾಂಪ್)

ತೊಯ್ದ ಚಾಪೆ

ಮೂಡಿಗೆರೆ ಕಡೆ ಗುಡ್ಡದ ಬುಡದಲ್ಲಿ ಒಬ್ಬರು ತಮ್ಮ ಕಾಫಿ ತೋಟದಲ್ಲೇ ಟೆಂಟ್ ಹಾಕಲು ಜಾಗ ಕೊಡುತ್ತಾರೆ. ಪಕ್ಕದಲ್ಲೇ ಹಳ್ಳ. ಮಟ್ಟಸವಾದ ಹುಲ್ಲಿನ ಜಾಗ, ನೀರಿಗೆ ಹತ್ತು ಹೆಜ್ಜೆ ಇರಬಹುದು, ಫೋಟೋಗೆ ಹೇಳಿ ಮಾಡಿಸಿದ ಹಾಗಿದೆ. ಡಿಸೆಂಬರ್ ಚಳಿ, ಒಂದು ಚೂರೂ ಮೋಡ ಇಲ್ಲ, ಗಾಳಿಯೂ ಇಲ್ಲ. ನಾನು, ಹೆಂಡತಿ, ಮಗಳು, ಭಾವಮೈದುನ. ನಾಲ್ಕು ಜನರ ಟೆಂಟಿನಲ್ಲಿ ನಾಲ್ಕು ಜನ.

ಬೆಳಿಗ್ಗೆ ಎದ್ದರೆ ಮುಖದ ಮೇಲೆ ಹನಿ ಬೀಳುತ್ತಿದೆ. ಸ್ಲೀಪಿಂಗ್ ಬ್ಯಾಗ್‌ಗಳ ಕಾಲಿನ ಕಡೆ ಒದ್ದೆ. ಒಂದು ಮೂಲೆಯಲ್ಲಿ ಮ್ಯಾಟ್ ಎತ್ತಿದರೆ ಕೆಳಗೆ ನೀರು ನಿಂತಿದೆ, ಬಟ್ಟೆಯಲ್ಲಿ ಒರೆಸಿ ಹಿಂಡುವಷ್ಟು. ಟೆಂಟ್ ಕೆಲವು ವರ್ಷ ಹಳೆಯದು, ಎರಡು ಪದರದ್ದು, ಪಾಲಿಯೆಸ್ಟರ್. ಹೊರಪದರ ನೀರು ತಡೆಯುವ ಅಳತೆ 2000 ಮಿ.ಮೀ. ಎಂದು ಚೀಟಿಯಲ್ಲಿ ಬರೆದಿದೆ. ಹಿಂದೆ ಜೋರು ಮಳೆಯಲ್ಲೂ ಸೋರಿರಲಿಲ್ಲ. ಅಂಗಡಿಯಲ್ಲಿ ಕೇಳಿದರೆ ಹೊಸದು ತಗೊಳ್ಳಿ ಅಂತಾರೆ, ಅವರು ಇನ್ನೇನು ಹೇಳುತ್ತಾರೆ ಬಿಡಿ. ಇದನ್ನೇ ಸರಿ ಮಾಡಿಕೊಳ್ಳಬಹುದಾ? ಜನವರಿಯಲ್ಲಿ ಅದೇ ಜಾಗಕ್ಕೆ ಮತ್ತೆ ಹೋಗಬೇಕು, ಮಗಳು ಆಗಲೇ ಹಟ ಹಿಡಿದಿದ್ದಾಳೆ.

ರೋಡ್ ಕಿಂಗ್

ಕೋಟಿಂಗ್ ಹೋಗಿದೆ ಗುರು. ವಾಟರ್‌ಪ್ರೂಫ್ ಸ್ಪ್ರೇ ತಗೊಂಡು ಒಳಗೂ ಹೊರಗೂ ಹೊಡಿ. ಮುಗೀತು.

ಗೂಟ ಹಗ್ಗ

ಸ್ಪ್ರೇಗೆ ದುಡ್ಡು ಹಾಕಬೇಡಿ, ಸ್ವಲ್ಪ ತಡೆಯಿರಿ. ಆ ಸ್ಪ್ರೇ ಮಾಡುವುದು ಇಷ್ಟೇ, ಹೊರಗಿನಿಂದ ಬಿದ್ದ ಮಳೆಹನಿ ಬಟ್ಟೆಗೆ ಅಂಟದೆ ಉರುಳಿ ಹೋಗುವ ಹಾಗೆ ಮಾಡುತ್ತದೆ. ಇಲ್ಲಿ ಮಳೆಯೇ ಬಂದಿಲ್ಲವಲ್ಲ.

ಮೇಲಿನಿಂದ ಬಿದ್ದ ಹನಿಗೂ ಮೂಲೆಯ ನೀರಿಗೂ ಒಂದೇ ಕಾರಣ ಅಂತ ಈಗಲೇ ತೀರ್ಮಾನ ಮಾಡಬೇಡಿ. ಬೇರೆ ಬೇರೆ ಇರಬಹುದು ಅನ್ನಿಸುತ್ತಿದೆ. ಇಷ್ಟು ಹೇಳಿ: ಹೊರಪದರದ ಒಳಮೈ ಪೂರ್ತಿ ಒದ್ದೆಯಾಗಿತ್ತಾ, ಅಥವಾ ಹೊಲಿಗೆ ಇರುವಲ್ಲಿ ಮಾತ್ರ ಗೆರೆ ಗೆರೆಯಾಗಿ ಇಳಿದಿತ್ತಾ? ಕಿಟಕಿ, ಮೇಲಿನ ಗಾಳಿಕಿಂಡಿ ತೆರೆದಿತ್ತಾ? ಟೆಂಟ್ ಕೆಳಗೆ ಏನು ಹಾಸಿದ್ದಿರಿ, ಅದು ಎಷ್ಟು ದೊಡ್ಡದು? ಒಳಗೆ ಏನಾದರೂ ಒಣಹಾಕಿದ್ದಿರಾ, ಒಲೆ ಹಚ್ಚಿದ್ದಿರಾ? ಮತ್ತೆ, ಟೆಂಟಿನ ನೆಲದ ಬಟ್ಟೆ ಮುಟ್ಟಿದರೆ ಅಂಟು ಅಂಟಾಗಿದೆಯಾ, ಬಿಳಿ ಸಿಪ್ಪೆಯ ಹಾಗೆ ಏನಾದರೂ ಉದುರುತ್ತದಾ, ಹುಳಿ ವಾಸನೆ ಬರುತ್ತದಾ?

ತೊಯ್ದ ಚಾಪೆ

ಒಳಮೈ ಪೂರ್ತಿ ಒದ್ದೆ. ಕೈ ಎಳೆದರೆ ನೀರು ಇಳಿಯುತ್ತಿತ್ತು. ಮಗುವಿಗೆ ಚಳಿಯಾಗುತ್ತದೆ ಅಂತ ಕಿಟಕಿ, ಕಿಂಡಿ ಎಲ್ಲ ಮುಚ್ಚಿ ಜಿಪ್ ಎಳೆದು ಮಲಗಿದ್ದು. ಸಂಜೆ ಹಳ್ಳದಲ್ಲಿ ಆಡಿದ ಬಟ್ಟೆ, ಟವೆಲ್ ಒಳಗೇ ಹಗ್ಗದ ಮೇಲಿತ್ತು. ರಾತ್ರಿ ಬಾಗಿಲ ಮುಂದೆ ಹೊರಪದರ ಚಾಚಿರುವ ಕಡೆ, ಅದರ ಕೆಳಗೆ ಚಿಕ್ಕ ಗ್ಯಾಸ್ ಒಲೆಯಲ್ಲಿ ಹಾಲು ಕಾಯಿಸಿ, ಮ್ಯಾಗಿ ಮಾಡಿದೆವು. ಕೆಳಗೆ ನೀಲಿ ಟಾರ್ಪಾಲ್, ಅದನ್ನು ಕ್ಯಾಂಪಿನವರೇ ಹಾಸಿಟ್ಟಿದ್ದರು. ದೊಡ್ಡದಿದೆ, ಟೆಂಟಿನ ಸುತ್ತ ಎರಡು ಅಡಿ ಆಚೆಗೇ ಇತ್ತು, ಚಪ್ಪಲಿ ಬಿಡಲು ಅನುಕೂಲವಾಯಿತು. ನೆಲದ ಬಟ್ಟೆ ಇನ್ನೂ ನೋಡಿಲ್ಲ, ಸಂಜೆ ಟೆರೇಸಿನಲ್ಲಿ ಬಿಚ್ಚುತ್ತೇನೆ.

ಗೂಟ ಹಗ್ಗ

ಹಾಗಿದ್ದರೆ ಮೇಲಿನ ಹನಿ ಸೋರಿಕೆ ಅಲ್ಲ. ಸೋರಿದರೆ ಹೊಲಿಗೆಯ ಹತ್ತಿರವೋ ತೂತಿನ ಹತ್ತಿರವೋ ಒಂದು ಕಡೆ ಇಳಿಯುತ್ತದೆ, ಹೀಗೆ ಇಡೀ ಮೈ ಒದ್ದೆಯಾಗುವುದಿಲ್ಲ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಗೆ ಹನಿ ಕೂರುತ್ತದಲ್ಲ, ಅದೇ ಕತೆ.

ನೀರು ಎಲ್ಲಿಂದ ಬಂತು ಅಂದರೆ ಮುಕ್ಕಾಲು ಪಾಲು ನಿಮ್ಮಿಂದಲೇ. ದೊಡ್ಡವರೊಬ್ಬರ ಉಸಿರು ಮತ್ತು ಚರ್ಮದಿಂದ ನಮಗೆ ಗೊತ್ತಾಗದ ಹಾಗೆ ದಿನಕ್ಕೆ ಸುಮಾರು 800 ಮಿ.ಲೀ. ನೀರು ಆವಿಯಾಗಿ ಹೋಗುತ್ತದೆ. ಎಂಟು ಗಂಟೆ ನಿದ್ದೆಗೆ ಕಾಲು ಲೀಟರ್ ಲೆಕ್ಕ ಹಾಕಿ. ಮೂರು ದೊಡ್ಡವರು, ಒಂದು ಮಗು, ಹತ್ತಿರ ಹತ್ತಿರ ಒಂದು ಲೀಟರ್ ಆಯಿತು. ಒದ್ದೆ ಟವೆಲ್ ಬೇರೆ. ಇನ್ನು ಗ್ಯಾಸ್: 100 ಗ್ರಾಂ ಬ್ಯೂಟೇನ್ ಉರಿದರೆ ಸುಮಾರು 150 ಗ್ರಾಂ ನೀರಾವಿ ಹೊರಗೆ ಬರುತ್ತದೆ, ಪಾತ್ರೆಯಲ್ಲಿ ಕುದಿಯುವ ನೀರಿನ ಆವಿ ಇದರ ಮೇಲೆ.

ಇಷ್ಟೆಲ್ಲ ಒಳಗಿದ್ದು ಹೋಗಲು ದಾರಿ ಇಲ್ಲ. ಹೊರಗೆ ಏನಾಗುತ್ತಿದೆ ನೋಡಿ. ಮೋಡ ಇಲ್ಲದ ರಾತ್ರಿ ಟೆಂಟಿನ ಹೊರಪದರ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಳ್ಳದ ಪಕ್ಕದ ಗಾಳಿಯಲ್ಲಿ ತೇವ ಮೊದಲೇ ಜಾಸ್ತಿ. ಗಾಳಿ 15 ಡಿಗ್ರಿ ಇದ್ದು ತೇವಾಂಶ 90% ಇದ್ದರೆ, ಬಟ್ಟೆ ಸುಮಾರು 13 ಡಿಗ್ರಿಗೆ ಇಳಿದರೆ ಸಾಕು, ಇಬ್ಬನಿ ಕೂರಲು ಶುರು. ಎರಡೇ ಡಿಗ್ರಿ. ಇದಕ್ಕೆ 2000 ಮಿ.ಮೀ. ಆದರೇನು, 5000 ಆದರೇನು, ಆ ಅಂಕಿ ಹೊರಗಿನ ನೀರಿನ ಒತ್ತಡ ತಡೆಯುವ ಲೆಕ್ಕ ಅಷ್ಟೇ.

ಮೂಲೆಯ ನೀರಿಗೆ ನನ್ನ ಅನುಮಾನ ಆ ಟಾರ್ಪಾಲ್ ಮೇಲೆ. ಹೊರಪದರದ ಮೇಲೆ ಕೂತ ಇಬ್ಬನಿ ಜಾರಿ ಕೆಳಗೆ ಬೀಳುತ್ತದೆ, ಮಣ್ಣಿಗೆ ಬಿದ್ದಿದ್ದರೆ ಇಂಗುತ್ತಿತ್ತು, ಟಾರ್ಪಾಲ್ ಎರಡು ಅಡಿ ಆಚೆಗಿರುವುದರಿಂದ ಅದರ ಮೇಲೆ ಬಿದ್ದು ನೇರ ಟೆಂಟಿನ ಅಡಿಗೆ ಹರಿಯುತ್ತದೆ, ಎಲ್ಲಿ ತಗ್ಗೋ ಅಲ್ಲಿ ನಿಲ್ಲುತ್ತದೆ. ಮಳೆ ಬಂದಿದ್ದರೆ ಕೆರೆಯೇ ಆಗುತ್ತಿತ್ತು. ಆದರೆ ಅಡಿಯಲ್ಲಿ ನಿಂತ ನೀರು ಒಳಗೆ ಬರಬೇಕಾದರೆ ನೆಲದ ಬಟ್ಟೆಯಲ್ಲೂ ತೊಂದರೆ ಇರಲೇಬೇಕು. ಅದಕ್ಕೇ ಬಿಚ್ಚಿ ನೋಡಿ ಅಂದಿದ್ದು. ಆ ಮೂಲೆಯ ಕೆಳಗೆ ಒಣ ಪೇಪರ್ ಇಡಿ, ಒಳಗಡೆಯಿಂದ ನೆನೆದ ಬಟ್ಟೆ ಹಾಕಿ ಅದರ ಮೇಲೆ ಭಾರ ಇಡಿ. ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗುತ್ತದೆ.

ಕಣದ ಮನೆ

ನಮ್ಮದೂ ಆ ಕಡೆಯೇ. ಟೆಂಟಿನ ವಿಚಾರ ನನಗೆ ಅಷ್ಟು ಗೊತ್ತಿಲ್ಲ, ಜಾಗದ ಬಗ್ಗೆ ಹೇಳುತ್ತೇನೆ.

ಹಳ್ಳದ ದಂಡೆ ರಾತ್ರಿ ಇರುವ ಜಾಗ ಅಲ್ಲ ಸರ್. ಸೂರ್ಯ ಮುಳುಗಿದ ಮೇಲೆ ಗುಡ್ಡದ ತಣ್ಣನೆ ಗಾಳಿ ಭಾರವಾಗಿ ಕೆಳಗೆ ಇಳಿದು ಹಳ್ಳದ ಸಾಲಿನಲ್ಲೇ ಬಂದು ಕೂರುತ್ತದೆ. ಬೆಳಿಗ್ಗೆ ಮಂಜು ನಿಲ್ಲುವುದೂ ಅಲ್ಲೇ. ದಿಬ್ಬ ಹತ್ತಿ ಸ್ವಲ್ಪ ಮೇಲೆ ಹೋದರೆ ಚಳಿ ಕಮ್ಮಿ, ಹುಲ್ಲೂ ಒಣಗಿರುತ್ತದೆ. ಹಳೇ ಕಾಲದ ಮನೆಗಳು ಎಲ್ಲಿವೆ ನೋಡಿ, ಒಂದಾದರೂ ಹಳ್ಳಕ್ಕೆ ಅಂಟಿಕೊಂಡಿದೆಯಾ? ಹೊರದೇಶದ ಕ್ಯಾಂಪಿಂಗ್‌ನವರು ನೀರಿನಿಂದ 200 ಅಡಿ, ಅಂದರೆ 60 ಮೀಟರ್ ದೂರ ಇರಿ ಅಂತಾರಂತೆ. ಅವರು ಹೇಳುವುದು ನೀರು ಕೊಳೆ ಆಗಬಾರದು, ಪ್ರಾಣಿಗಳಿಗೆ ದಾರಿ ಇರಬೇಕು ಅಂತ. ನಮ್ಮಲ್ಲಿ ಆ ಎರಡನೇ ಕಾರಣ ಇನ್ನೂ ಜೋರು. ಮೂಡಿಗೆರೆ, ಸಕಲೇಶಪುರ ಕಡೆ ಆನೆ ಬರುತ್ತದೆ, ನೀರಿಗೆ ಇಳಿಯುವ ದಾರಿ ಅವಕ್ಕೆ ಗೊತ್ತು. ತೋಟದವರನ್ನು ಮೊದಲು ಅದನ್ನೇ ಕೇಳಿ. ಬಾಳೆಹಣ್ಣು ಟೆಂಟ್ ಒಳಗೆ ಇಟ್ಟುಕೊಂಡು ಮಲಗಬೇಡಿ.

ಡಿಸೆಂಬರ್, ಜನವರಿಯಲ್ಲಿ ಹಳ್ಳ ಉಕ್ಕುವ ಭಯ ಇಲ್ಲ. ಏಪ್ರಿಲ್ ಕೊನೆಯಿಂದ ಬೇರೆ ಲೆಕ್ಕ. ನಿಮ್ಮಲ್ಲಿ ಒಂದು ಹನಿ ಬೀಳದೆ ಮೇಲೆ ಗುಡ್ಡದಲ್ಲಿ ಸುರಿದರೂ ನೀರು ಬರುತ್ತದೆ. ನೀರು ಕೆಂಪಾದರೆ, ಎಲೆ ಕಡ್ಡಿ ತೇಲಿ ಬಂದರೆ, ಶಬ್ದ ಬದಲಾದರೆ ಸಾಮಾನು ನೋಡಬೇಡಿ, ಮೇಲೆ ಹತ್ತಿ. ಜೂನ್‌ನಿಂದ ಮಳೆಗಾಲ ಮುಗಿಯುವ ತನಕ ದಂಡೆಯ ಮೇಲೆ ಟೆಂಟ್ ಅನ್ನುವ ಮಾತೇ ಬೇಡ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ರಸ್ತೆ ಬಂದ್ ಆಗಿತ್ತಲ್ಲ, ಅಂಥ ಮಳೆ ಅದು.

ಇನ್ನೊಂದು, ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬೇಡಿ. ಈಗ ಕಾಫಿ ಕೊಯ್ಲು, ಮೇಲಿನ ತೋಟಗಳಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಓಡುತ್ತಿರುತ್ತದೆ, ಆ ನೀರು ಕೆಲವು ಕಡೆ ಹಳ್ಳಕ್ಕೇ ಬರುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ತೋಟಕ್ಕೆ ಹೊಡೆದ ಔಷಧಿಯ ಅಂಶ ಹೋಗುವುದಿಲ್ಲ. ತೋಟದ ಮನೆಯಿಂದ ಕ್ಯಾನ್ ತುಂಬಿಸಿಕೊಳ್ಳಿ.

ರೋಡ್ ಕಿಂಗ್

ಹಳ್ಳದಿಂದ ದೂರ ಹೋದರೆ ಹಳ್ಳದ ಪಕ್ಕ ಕ್ಯಾಂಪ್ ಮಾಡೋದು ಯಾಕೆ? ಮನೇಲೇ ಮಲಗಬಹುದಲ್ವಾ. ಒಳಗೆ ಚಿಕ್ಕ ಗ್ಯಾಸ್ ಹೀಟರ್ ಇಟ್ಟರೆ ಒಣಗುತ್ತೆ.

ನೈಟ್ ಶಿಫ್ಟ್

ಹೀಟರ್ ಬೇಡವೇ ಬೇಡ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಅದಕ್ಕೇ ಸುಮ್ನೆ ಓದಿ ಹೋಗಲು ಆಗಲಿಲ್ಲ. ಮುಚ್ಚಿದ ಜಾಗದಲ್ಲಿ ಗ್ಯಾಸ್, ಇದ್ದಿಲು, ಕೆಂಡ ಯಾವುದು ಉರಿದರೂ ಕಾರ್ಬನ್ ಮೊನಾಕ್ಸೈಡ್ ತುಂಬಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ ಬರುತ್ತದೆ, ಚಳಿಗೆ ಹೀಗಾಯಿತು ಅಂದುಕೊಂಡು ಮಲಗಿದವರು ಏಳುವುದಿಲ್ಲ. ಕ್ಯಾಂಪ್‌ಫೈರ್‌ನ ಕೆಂಡವನ್ನು ಬಾಣಲೆಯಲ್ಲಿ ಟೆಂಟ್ ಒಳಗೆ ತಂದಿಡುವುದೂ ಇದೇ ಅಪಾಯ. ಬಾಗಿಲ ಮುಂದೆ ಹೊರಪದರದ ಕೆಳಗೆ ಒಲೆ ಹಚ್ಚುವುದನ್ನೂ ಬಿಡಿ, ಹತ್ತು ಅಡಿ ಆಚೆ ಹಚ್ಚಿ. ಪಾಲಿಯೆಸ್ಟರ್‌ಗೆ ಬೆಂಕಿ ತಾಗಿದರೆ ಜಿಪ್ ಹುಡುಕಲೂ ಟೈಮ್ ಸಿಗುವುದಿಲ್ಲ.

ಗೂಟ ಹಗ್ಗ

ಇದಕ್ಕೆ ಸೇರಿಸಿ, ಗ್ಯಾಸ್ ಹೀಟರ್ ನೀರಾವಿಯನ್ನೂ ಬಿಡುತ್ತದೆ, ಅಂದರೆ ಒಣಗಿಸುವುದಿರಲಿ, ಒದ್ದೆಯೇ ಜಾಸ್ತಿ. ಹಳ್ಳದ ಪಕ್ಕ ಹಗಲೆಲ್ಲ ಕೂತುಕೊಳ್ಳಿ, ಯಾರು ಬೇಡ ಅಂದರು. ಮಲಗುವ ಜಾಗ ಮಾತ್ರ ಮೇಲಿರಲಿ.

ತೊಯ್ದ ಚಾಪೆ

ಬಿಚ್ಚಿ ನೋಡಿದೆ. ಹೊರಪದರದ ಮೇಲೆ ಪೈಪಿನಲ್ಲಿ ನೀರು ಬಿಟ್ಟು ಒಳಗಿನಿಂದ ಹೊಲಿಗೆಗಳಿಗೆ ಟಿಶ್ಯೂ ಒತ್ತಿದರೆ ಒಣ. ನೆಲದಲ್ಲಿ ಮೂರು ಮೂಲೆ ಸರಿ ಇದೆ, ಆ ಒಂದು ಮೂಲೆಯಲ್ಲಿ ಮಾತ್ರ ಅಂಗೈ ಅಗಲ ಜಾಗ ಅಂಟಂಟು, ಉಜ್ಜಿದರೆ ಬಿಳಿ ಪುಡಿ, ಕೆಟ್ಟ ಹುಳಿ ವಾಸನೆ. ಕೆಳಗಿಟ್ಟ ಪೇಪರ್ ನೆನೆಯಿತು. ಈಗ ಸಿಲಿಕೋನ್ ಹಚ್ಚಲಾ? ಬಾತ್‌ರೂಮಿಗೆ ತಂದ ಟ್ಯೂಬ್ ಮನೆಯಲ್ಲೇ ಇದೆ.

ಗೂಟ ಹಗ್ಗ

ಸಿಲಿಕೋನ್ ಬೇಡ, ನಿಮ್ಮ ಟೆಂಟಿಗೆ ಅದು ನಿಲ್ಲುವುದಿಲ್ಲ. ಇಂಥ ಪಾಲಿಯೆಸ್ಟರ್ ಟೆಂಟುಗಳ ಒಳಮೈಗೆ ಪಾಲಿಯುರೆಥೇನ್ ಲೇಪ ಇರುತ್ತದೆ, ಪಿಯು ಅಂತಾರೆ. ಅದರ ಮೇಲೆ ಪಿಯು ಸೀಮ್ ಸೀಲರ್, ಅಂದರೆ ಹೊಲಿಗೆ ಮುಚ್ಚಲು ಹಚ್ಚುವ ಅಂಟು, ಮಾತ್ರ ಕೂರುತ್ತದೆ. ಸಿಲಿಕೋನ್ ಲೇಪದ ಬಟ್ಟೆಗೆ ಸಿಲಿಕೋನ್, ಪಿಯುಗೆ ಪಿಯು. ಇದನ್ನು ಅದಲು ಬದಲು ಮಾಡಿದರೆ ಕಿತ್ತು ಬರುತ್ತದೆ, ಮತ್ತೆ ಆ ಸಿಲಿಕೋನ್ ಮೇಲೆ ಬೇರೆ ಏನೂ ಹಿಡಿಯುವುದಿಲ್ಲ.

ನಿಮಗೆ ಆಗಿರುವುದು ಲೇಪ ಕೊಳೆತಿರುವುದು. ತೇವ ಮತ್ತು ಸೆಕೆ ಎರಡೂ ಸೇರಿದರೆ ಪಿಯು ನಿಧಾನಕ್ಕೆ ಒಡೆದುಹೋಗುತ್ತದೆ, ಒದ್ದೆ ಇದ್ದಾಗಲೇ ಮಡಚಿ ಚೀಲಕ್ಕೆ ತುರುಕಿ ಅಟ್ಟಕ್ಕೆ ಹಾಕಿದ ಟೆಂಟುಗಳಿಗೆಲ್ಲ ಬರುವ ರೋಗ ಇದು. ಇಡೀ ಟೆಂಟಿಗೆ ಹರಡಿದ್ದರೆ ಬಿಟ್ಟುಬಿಡಿ ಅನ್ನುತ್ತಿದ್ದೆ, ನನ್ನ ಪ್ರಕಾರ ಅಷ್ಟು ಕಷ್ಟಪಡುವುದಕ್ಕೆ ಅರ್ಥ ಇಲ್ಲ. ಅಂಗೈ ಅಗಲ ಅಂದರೆ ಧಾರಾಳವಾಗಿ ಸರಿ ಮಾಡಬಹುದು. ಬೆಚ್ಚಗಿನ ನೀರು, ಸ್ವಲ್ಪ ಸೋಪು, ಹಳೇ ಟೂತ್‌ಬ್ರಷ್. ಅಂಟು ಪೂರ್ತಿ ಹೋಗುವ ತನಕ ತಿಕ್ಕಿ, ಗಟ್ಟಿ ಲೇಪ ಸಿಗುವ ಅಂಚಿನವರೆಗೆ. ಒಂದು ಹಗಲು ಚೆನ್ನಾಗಿ ಒಣಗಲಿ. ಆಮೇಲೆ ಸೀಲರ್ ಅನ್ನು ತೆಳ್ಳಗೆ ಹಚ್ಚಿ, ಕಿತ್ತ ಜಾಗಕ್ಕಿಂತ ಎರಡು ಬೆರಳು ಆಚೆಗೂ ಬರಲಿ. ದಪ್ಪ ಹಚ್ಚಿದರೆ ಮಡಚುವಾಗ ಬಿರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಸ್ವಲ್ಪ ಟಾಲ್ಕಂ ಪೌಡರ್ ಉಜ್ಜಿ, ಇಲ್ಲದಿದ್ದರೆ ಮಡಚಿದಾಗ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಟಾರ್ಪಾಲ್ ಅಂಚನ್ನು ಟೆಂಟಿನ ಅಡಿಗೆ ಮಡಚಿ ಹಾಕಿ. ಹೊರಗೆ ಒಂದು ಇಂಚೂ ಕಾಣಬಾರದು. ಮಡಿಕೆ ಕೆಳಗಡೆಗೆ ಬರಲಿ, ಮೇಲೆ ಬಂದರೆ ನೀರು ಹಿಡಿಯುವ ಜೇಬಾಗುತ್ತದೆ. ಮೇಲಿನ ಎರಡು ಗಾಳಿಕಿಂಡಿ ರಾತ್ರಿ ಇಡೀ ತೆರೆದಿಡಿ. ಕೆಳಗೆ ಬಾಗಿಲ ಜಿಪ್ಪನ್ನೂ ಗೇಣಷ್ಟು ಬಿಡಿ, ಹುಳ ತಡೆಯುವ ಬಲೆ ಹೇಗೂ ಇದೆ. ಹೊರಪದರದ ಹಗ್ಗಗಳನ್ನು ಬಿಗಿಯಾಗಿ ಎಳೆದು ಗೂಟ ಹೊಡೆಯಿರಿ, ಎರಡು ಪದರ ಒಂದಕ್ಕೊಂದು ತಾಗಬಾರದು. ನಿಮ್ಮ ಸ್ಲೀಪಿಂಗ್ ಬ್ಯಾಗ್ ಕಾಲಿನ ಕಡೆ ಒದ್ದೆಯಾಗಿದ್ದು ಅದು ಗೋಡೆಗೆ ಒತ್ತಿಕೊಂಡಿದ್ದಕ್ಕೆ. ನಾಲ್ಕು ಜನರ ಟೆಂಟ್ ಅಂತ ಚೀಟಿಯಲ್ಲಿದ್ದರೆ ಮೂರು ಜನ ಅಂತ ಓದಿಕೊಳ್ಳಿ, ಭಾವಮೈದುನನಿಗೆ ಬೇರೆ ಟೆಂಟ್ ಬಾಡಿಗೆಗೆ ಕೇಳಿ.

ಕಣದ ಮನೆ

ಮರದ ಕೆಳಗೆ ಹಾಕಿದರೂ ಇಬ್ಬನಿ ಕಮ್ಮಿ. ಆದರೆ ಸಿಲ್ವರ್ (ಸಿಲ್ವರ್ ಓಕ್) ಮರದ ಕೆಳಗೆ ಬೇಡ, ಗಾಳಿಗೆ ಕೊಂಬೆ ಪಟಕ್ಕನೆ ಮುರಿಯುತ್ತದೆ. ಯಾವ ಮರವಾದರೂ ಮೇಲೆ ಒಣಗಿದ ಕೊಂಬೆ ಇದೆಯಾ ಅಂತ ತಲೆ ಎತ್ತಿ ನೋಡಿ. ಕೆಲವರು ಕಾಫಿ ಕಣದಲ್ಲಿ ಹಾಕಲಾ ಅಂತ ಕೇಳುತ್ತಾರೆ. ಮಟ್ಟಸವಾಗಿದೆ ನಿಜ, ಆದರೆ ಸಿಮೆಂಟಿಗೆ ಗೂಟ ಇಳಿಯುವುದಿಲ್ಲ, ಮೇಲಾಗಿ ಈಗ ಅಲ್ಲಿ ಕಾಫಿ ಒಣಗುತ್ತಿರುತ್ತದೆ, ಬೈಸಿಕೊಳ್ಳುತ್ತೀರಿ.

ತೊಯ್ದ ಚಾಪೆ

ಹೋಗಿ ಬಂದೆವು. ತೋಟದವರಿಗೆ ಕೇಳಿದ್ದಕ್ಕೆ ದಿಬ್ಬದ ಮೇಲೆ ಹಲಸಿನ ಮರದ ಪಕ್ಕ ಜಾಗ ಕೊಟ್ಟರು, ಹಳ್ಳದ ಸದ್ದು ಅಲ್ಲಿಗೂ ಕೇಳುತ್ತದೆ. ಬೆಳಿಗ್ಗೆ ಹೊರಪದರದ ಒಳಮೈಯಲ್ಲಿ ತೆಳ್ಳಗೆ ಪಸೆ ಇತ್ತು, ಒಳಪದರ ಒಣ, ಸ್ಲೀಪಿಂಗ್ ಬ್ಯಾಗ್ ಒಣ, ತೇಪೆ ಹಾಕಿದ ಮೂಲೆಯೂ ಒಣ. ಕಿಂಡಿ ತೆರೆದಿದ್ದಕ್ಕೆ ಚಳಿ ಸ್ವಲ್ಪ ಹೊಡೆಯಿತು, ಟೊಪ್ಪಿ ಸಾಕ್ಸ್ ಹಾಕಿ ಮಲಗಿದೆವು. ದಂಡೆಯಲ್ಲಿ ಹಾಕಿದ್ದ ಇನ್ನೊಂದು ಗುಂಪಿನವರು ಬೆಳಿಗ್ಗೆ ಎಲ್ಲವನ್ನೂ ಹಗ್ಗಕ್ಕೆ ಒಣಹಾಕುತ್ತಿದ್ದರು, ಅವರಿಗೂ ಈ ಚರ್ಚೆ ಕಳಿಸಿದ್ದೇನೆ.

ಒಂದೇ ಪ್ರಶ್ನೆ ಉಳಿದಿದೆ. ಬಿಸಿಲು ಬರುವ ಮೊದಲೇ ಹೊರಟಿದ್ದರಿಂದ ಹೊರಪದರ ಹಸಿಯಾಗಿಯೇ ಚೀಲಕ್ಕೆ ಹೋಯಿತು. ಬೆಂಗಳೂರಿನ ಫ್ಲಾಟ್, ಟೆರೇಸ್ ಬೀಗ ಭಾನುವಾರ ತೆಗೆಯುವುದಿಲ್ಲ. ವಾಷಿಂಗ್ ಮಷಿನ್‌ನ ಡ್ರೈಯರ್‌ಗೆ ಹಾಕಬಹುದಾ?

ಗೂಟ ಹಗ್ಗ

ಬೇಡ, ಆ ಬಿಸಿಗೆ ಲೇಪ ಹೋಗುತ್ತದೆ. ಇವತ್ತು ರಾತ್ರಿಯೇ ಹಾಲ್‌ನಲ್ಲಿ ಕುರ್ಚಿಗಳ ಮೇಲೆ ಹರಡಿ ಫ್ಯಾನ್ ಹಾಕಿ, ಮಧ್ಯೆ ಒಮ್ಮೆ ತಿರುಗಿಸಿ. ಹೊಲಿಗೆ ಮತ್ತು ಅಂಚಿನ ಪಟ್ಟಿಗಳು ಕೊನೆಗೆ ಒಣಗುವುದು, ಕೈಯಲ್ಲಿ ಒತ್ತಿ ನೋಡಿ. ಮುಂದಿನ ಸಲ ಹಸಿ ಹೊರಪದರಕ್ಕೆ ಬೇರೆ ಚೀಲ ಇರಲಿ, ಒಳಪದರದ ಜೊತೆ ಸುತ್ತಬೇಡಿ. ಒಣಗಿದ ಮೇಲೆ ಕಂಪನಿಯ ಬಿಗಿ ಚೀಲ ಬೇಡ, ಹಳೇ ದಿಂಬಿನ ಕವರ್‌ನಲ್ಲಿ ಸಡಿಲವಾಗಿ ತುಂಬಿ ಬೀರುವಿನ ಕೆಳಗಿಡಿ. ಗೂಟಗಳ ಮಣ್ಣು ತೊಳೆದು ಒರೆಸಿ ಬೇರೆ ಇಡಿ, ಇಲ್ಲದಿದ್ದರೆ ತುಕ್ಕಿನ ಕಲೆ ಬಟ್ಟೆಗೆ ಹತ್ತುತ್ತದೆ.