ಪದ ಬೇಕು: ‘ಸ್ಟ್ರೆಂತ್ಸ್ ಬೇಸ್ಡ್ ಕೋಚಿಂಗ್’ (ಕಲಾವಿದರಿಗೆ) – ಫಲಕಕ್ಕೆ, ತುರ್ತು

ಎಲ್ಲರಿಗೂ ನಮಸ್ಕಾರ.

ಹಾಡುವವರು, ಕುಣಿಯುವವರು, ನಟಿಸುವವರಿಗಾಗಿ ಇರುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಳಪುಟಗಳಿಗೆ ಇನ್ನೂ ಸಮಯವಿದೆ. ಫಲಕ ಮಾತ್ರ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು.

ವಿಧಾನ ಹೀಗಿದೆ. ಕಲಾವಿದರ ಕೊರತೆಗಳ ಪಟ್ಟಿಯಿಂದ ಶುರು ಮಾಡುವುದಿಲ್ಲ. ಚೆನ್ನಾಗಿ ಬಂದ ಒಂದು ಪ್ರದರ್ಶನವನ್ನು ನೆನಪು ಮಾಡಿಕೊಳ್ಳಲು ಹೇಳುತ್ತಾರೆ. ಅವತ್ತು ನೀವು ಏನು ಮಾಡಿದಿರಿ, ಯಾವುದು ಸಲೀಸಾಗಿ ಬಂತು, ಯಾವುದನ್ನು ಮತ್ತೆ ಮತ್ತೆ ಮಾಡಬಲ್ಲಿರಿ ಎಂದು ಕೇಳುತ್ತಾರೆ. ಮುಂದಿನ ಪಾತ್ರ, ಮುಂದಿನ ಆಡಿಷನ್, ದಿನದ ಅಭ್ಯಾಸ ಎಲ್ಲವೂ ಆ ಉತ್ತರದ ಮೇಲೆ ನಿಲ್ಲುತ್ತವೆ. ಕೊರತೆಯನ್ನು ಹಾಗೇ ಬಿಡುವುದಿಲ್ಲ. ದಾರಿಗೆ ಅಡ್ಡ ಬಾರದಷ್ಟು ಸರಿ ಮಾಡಿಕೊಳ್ಳುತ್ತಾರೆ.

‘ಸಾಮರ್ಥ್ಯಾಧಾರಿತ ತರಬೇತಿ’ ಎಂದು ಬರೆದು ನೋಡಿದೆ. ಸುತ್ತೋಲೆಯ ತಲೆಬರಹದಂತಿದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಶಾಲೆಯ ಭಾಷೆಯಲ್ಲಿ ‘ಸಾಮರ್ಥ್ಯ’ ಎಂದರೆ ಎಲ್ಲ ಮಕ್ಕಳೂ ಮುಟ್ಟಬೇಕಾದ ಮಟ್ಟ. ಇಲ್ಲಿ ಬೇಕಾದದ್ದು ಒಬ್ಬೊಬ್ಬರಲ್ಲೂ ಬೇರೆ ಬೇರೆ ಇರುವಂಥದ್ದು. ದಯವಿಟ್ಟು ಇವತ್ತೇ ತಿಳಿಸಿ.

— ಉತ್ತರ 1 —

‘ಕಸುವೂರಿದ ಪಳಗಿಕೆ’. ಕಸುವು, ಊರು, ಪಳಗು, ಮೂರೂ ನಮ್ಮವು. ‘ಸಾಮರ್ಥ್ಯ’ವೂ ಬೇಡ, ‘ಆಧಾರಿತ’ವೂ ಬೇಡ. ‘ತರಬೇತಿ’ಯಂತೂ ಅರಬ್ಬಿಯಿಂದ ಪಾರಸಿ ದಾಟಿ ಬಂದದ್ದು.

— ಉತ್ತರ 2 —

ಪಳಗಿಸುವುದು ಆನೆಯನ್ನು, ಕುದುರೆಯನ್ನು. ಕಲಾವಿದರನ್ನಲ್ಲ. ಬಾಗಿಲಲ್ಲಿ ಅದನ್ನು ಓದಿದವರು ಒಳಗೆ ಬರುವುದಿಲ್ಲ.

‘ಬಲ’ ಇರುವಾಗ ಹೊಸದು ಯಾಕೆ? ‘ಬಲ’ ಸಂಸ್ಕೃತ ಅಂತ ಯಾರಾದರೂ ತಕರಾರು ತೆಗೆಯುವ ಮೊದಲೇ ಹೇಳುತ್ತೇನೆ. ತಮಿಳಿನ ‘ವಲ್’, ನಮ್ಮ ‘ಬಲ್’ ನೋಡಿ. ಬಲ್ಮೆ, ಬಲ್ಲಿದ, ಬಲಿ (ಬಲಿಯುವುದು), ಬಲ್ಲಾಳು ಎಲ್ಲವೂ ಅದೇ ಬೇರಿನವು. ಸಂಸ್ಕೃತದ ‘ಬಲ’ವೇ ದ್ರಾವಿಡದಿಂದ ಹೋದದ್ದು ಎಂದು ಭಾಷಾವಿಜ್ಞಾನಿ ಟಿ. ಬರೋ ಹೇಳಿದ್ದಾರೆ. ಆದ್ದರಿಂದ ‘ಬಲಮುಖಿ ತರಬೇತಿ’ ಎಂದು ಬರೆಯಿರಿ.

— ಉತ್ತರ 3 —

ಅದು ಒಂದು ಪಕ್ಷ ಅಷ್ಟೇ. ಲ್ಯಾಟಿನ್, ರಷ್ಯನ್ ಪದಗಳ ಜೊತೆ ಸೇರಿಸಿ ಅದನ್ನು ಇಂಡೋ-ಯೂರೋಪಿಯನ್ ಎನ್ನುವ ವಿದ್ವಾಂಸರೂ ಇದ್ದಾರೆ. ಇತ್ಯರ್ಥವಾಗದ ಬೇರನ್ನು ಫಲಕಕ್ಕೆ ಸಾಕ್ಷಿ ಮಾಡಬೇಡಿ.

‘ಬಲಮುಖಿ’ ಅಂದರೆ ಬಲಗಡೆಗೆ ಮುಖ ಮಾಡಿದ್ದು ಅಂತಲೂ ಆಗುತ್ತದೆ. ‘ಬಲ ತರಬೇತಿ’ ಅಂದರೆ ಭಾರ ಎತ್ತುವುದು. ಎರಡೂ ಕೆಲಸಕ್ಕೆ ಬರುವುದಿಲ್ಲ.

ಮೊದಲು ‘ಕೋಚ್’ ಏನು ಅಂತ ನೋಡಿ. ಹಂಗೇರಿಯ ‘ಕೊಚ್’ ಎಂಬ ಹಳ್ಳಿಯ ಗಾಡಿಯ ಹೆಸರು ಅದು. ಜರ್ಮನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. 1830ರ ಹೊತ್ತಿಗೆ ಆಕ್ಸ್‌ಫರ್ಡ್‌ನ ವಿದ್ಯಾರ್ಥಿಗಳು, ಪರೀಕ್ಷೆ ದಾಟಿಸುವ ಖಾಸಗಿ ಮೇಷ್ಟ್ರನ್ನು ಹಾಗೆ ಕರೆಯತೊಡಗಿದರು. ಕ್ರೀಡೆಗೆ ಹೋದದ್ದು ಆಮೇಲೆ. ಗಾಡಿ ಹೋಗುವುದು ಕೂತವರು ಹೇಳಿದ ಊರಿಗೆ. ಆದ್ದರಿಂದ ‘ಸಾರಥ್ಯ’ವೇ ಸರಿ.

— ಉತ್ತರ 4 —

ಹಂಗೇರಿಗೆ ಹೋಗಿ ಬರುವಷ್ಟರಲ್ಲಿ ಫಲಕ ಅಚ್ಚಾಗಿರುತ್ತದೆ. ‘ಸಾರಥ್ಯ’ ಅಂದರೆ ಇವತ್ತು ನಾಯಕತ್ವ. ಪತ್ರಿಕೆ ತೆರೆದು ನೋಡಿ. ‘ಕೋಚಿಂಗ್’ ಎಂದೇ ಬಿಡಿ, ಎಲ್ಲರಿಗೂ ಗೊತ್ತಿರುವ ಪದ.

— ಕೇಳಿದವರು —

ಸರ್, ಗೊತ್ತಿರುವುದೇ ತೊಂದರೆ. ಕನ್ನಡದಲ್ಲಿ ‘ಕೋಚಿಂಗ್’ ಅಂದರೆ ಪರೀಕ್ಷೆಗೆ ಓದಿಸುವ ಜಾಗ. ಇಲ್ಲಿ ಪಾಠ ಹೇಳುವವರಿಲ್ಲ. ಪ್ರಶ್ನೆ ಕೇಳುವವರಿದ್ದಾರೆ. ರಾಗ ಕಲಿಸಲು, ಹೆಜ್ಜೆ ತಿದ್ದಲು ಗುರುಗಳು ಬೇರೆ ಇರುತ್ತಾರೆ.

‘ಸ್ಟ್ರೆಂತ್’ ಬಗ್ಗೆಯೂ ಒಂದು ಮಾತು. ಇದು ಹುಟ್ಟಿನಿಂದ ಬಂದ ಪ್ರತಿಭೆಗೆ ಇನ್ನೊಂದು ಹೆಸರಲ್ಲ. ಈ ವಿಧಾನವನ್ನು ಬೆಳೆಸಿದವರಲ್ಲಿ ಒಬ್ಬರಾದ ಡೊನಾಲ್ಡ್ ಕ್ಲಿಫ್ಟನ್ ಎರಡನ್ನೂ ಬೇರೆ ಮಾಡುತ್ತಾರೆ. ಸಹಜವಾಗಿ ಮರಳಿ ಮರಳಿ ಬರುವ ಯೋಚನೆ, ಭಾವನೆ, ನಡವಳಿಕೆ ಪ್ರತಿಭೆ. ಅದಕ್ಕೆ ತಿಳಿವಳಿಕೆ, ಅಭ್ಯಾಸ ಸೇರಿ ಪ್ರತಿ ಸಲವೂ ಚೆನ್ನಾಗಿಯೇ ಬರುವಂತಾದರೆ ಅದು ಸ್ಟ್ರೆಂತ್. ಅವರ ಪಟ್ಟಿಯಲ್ಲಿ ಇಂಥ ಪ್ರತಿಭೆಯ ಬಗೆಗಳು 34. ಮನಶ್ಶಾಸ್ತ್ರಜ್ಞರಾದ ಪೀಟರ್ಸನ್ ಮತ್ತು ಸೆಲಿಗ್‌ಮನ್ 2004ರಲ್ಲಿ ಕೊಟ್ಟ 24ರ ಪಟ್ಟಿ ಬೇರೆಯದು. ಅದರಲ್ಲಿರುವುದು ಕುತೂಹಲ, ಧೈರ್ಯ, ಕೃತಜ್ಞತೆಯಂಥ ಗುಣಗಳು. ನನ್ನ ಪುಸ್ತಕದಲ್ಲಿ ಎರಡೂ ಬರುತ್ತವೆ. ಆದ್ದರಿಂದ ‘ಪ್ರತಿಭೆ’ ಬೇಡ, ‘ಸದ್ಗುಣ’ವೂ ಬೇಡ.

— ಉತ್ತರ 1 —

ಹಾಗಾದರೆ ‘ಕಸುವು’ ಇನ್ನೂ ಚೆನ್ನಾಗಿ ಹೊಂದುತ್ತದೆ. ಮಣ್ಣಿಗೂ ಕಸುವು ಅನ್ನುತ್ತೇವೆ. ಇರುವ ಮಣ್ಣಿಗೆ ಗೊಬ್ಬರ ಹಾಕಿದರೆ ಕಸುವು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಕ್ಲಿಫ್ಟನ್ ಹೇಳುವುದೂ ಅದನ್ನೇ ಅಲ್ವಾ?

— ಉತ್ತರ 2 —

‘ಮೈಯಲ್ಲಿ ಕಸುವಿಲ್ಲ’ ಅಂತ ಜನ ಹೇಳುವುದು ಸುಸ್ತಾದಾಗ. ಕುಣಿಯುವವರಿಗಾಗಿ ಬರೆದ ಫಲಕದಲ್ಲಿ ಅದನ್ನು ಮೈಯ ಶಕ್ತಿ ಅಂತಲೇ ಓದುತ್ತಾರೆ.

— ಉತ್ತರ 5 —

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ರಂಗದ ಹಿಂದೆ ನಿಂತು ಕೇಳಿ. ‘ಅವಳು ತಾಳದಲ್ಲಿ ಗಟ್ಟಿ.’ ‘ಅವನು ಮಾತಲ್ಲಿ ಗಟ್ಟಿ, ಹೆಜ್ಜೆ ಸ್ವಲ್ಪ ನಿಧಾನ.’ ಜನ ದಿನಾ ಆಡುವ ಮಾತು ಇದು. ಹುಟ್ಟಿನಿಂದ ಬಂದದ್ದು ಅಂತ ಇದಕ್ಕೆ ಅರ್ಥವಿಲ್ಲ. ದುಡಿದು ನೆಲೆ ನಿಂತದ್ದು ಅಂತ ಇದೆ. ಮೇಡಂ ವಿವರಿಸಿದ ಅರ್ಥ ಪೂರ್ತಿ ಇದರೊಳಗಿದೆ.

ಇದರಲ್ಲಿ ಇನ್ನೊಂದು ಅನುಕೂಲವಿದೆ. ‘ಗಟ್ಟಿ’ ಅಂದ ತಕ್ಷಣ ‘ಯಾವುದರಲ್ಲಿ?’ ಎಂಬ ಪ್ರಶ್ನೆ ಏಳುತ್ತದೆ. ‘ಬಲ’, ‘ಸಾಮರ್ಥ್ಯ’ ಅಂದಾಗ ಏಳುವುದಿಲ್ಲ. ಈ ವಿಧಾನದ ಅರ್ಧ ಕೆಲಸ ಆ ಪ್ರಶ್ನೆಯಲ್ಲೇ ಇದೆ. ಅಭಿನಯದಲ್ಲಿ ಗಟ್ಟಿ ಇರುವ ನರ್ತಕಿಗೆ ‘ನಿನ್ನ ಬಲ ಅಭಿನಯ’ ಎಂದರೆ ಹೊಗಳಿಕೆಯಲ್ಲಿ ಮುಗಿಯುತ್ತದೆ. ಅಭಿನಯದಲ್ಲೂ ಯಾವುದರಲ್ಲಿ? ಕಣ್ಣಲ್ಲೋ, ಸಾಹಿತ್ಯದ ಅರ್ಥ ಬಿಡಿಸುವುದರಲ್ಲೋ, ಒಂದು ಭಾವದಿಂದ ಇನ್ನೊಂದಕ್ಕೆ ಜಾರುವುದರಲ್ಲೋ? ಅಷ್ಟು ಸಣ್ಣದಾಗಿ ಗೊತ್ತಾದರೆ ಮಾತ್ರ ಮುಂದೆ ಯಾವ ಕೃತಿ ಆರಿಸಬೇಕು, ಅಭ್ಯಾಸದಲ್ಲಿ ಯಾವುದಕ್ಕೆ ಜಾಸ್ತಿ ಹೊತ್ತು ಕೊಡಬೇಕು ಅನ್ನುವುದು ತಿಳಿಯುತ್ತದೆ.

ಸಮಾಸ ಕಟ್ಟುವ ಆಸೆ ಬಿಡಿ. ಕ್ರಿಯಾಪದ ಹಾಕಿ ವಾಕ್ಯ ಬರೆಯಿರಿ: ‘ನೀವು ಯಾವುದರಲ್ಲಿ ಗಟ್ಟಿ? ಅಲ್ಲಿಂದ ಮುಂದೆ ಹೋಗೋಣ.’ ಕೆಳಗೆ ಸಣ್ಣಕ್ಷರದಲ್ಲಿ ‘ಕಲಾವಿದರಿಗೆ ಒಬ್ಬೊಬ್ಬರಾಗಿ ಮಾರ್ಗದರ್ಶನ’.

— ಉತ್ತರ 3 —

ಹಾಡುವವರಿಗೆ ‘ಗಟ್ಟಿ’ ಅಂದರೆ ಜೋರು ದನಿ.

— ಉತ್ತರ 5 —

‘ಗಟ್ಟಿಯಾಗಿ’ ಅಂದರೆ ಜೋರು. ‘ಯಾವುದರಲ್ಲಿ ಗಟ್ಟಿ’ ಅಂದರೆ ಅಲ್ಲ. ಸಪ್ತಮಿ ವಿಭಕ್ತಿ (‘ಅಲ್ಲಿ’) ಇದ್ದಾಗ ಗೊಂದಲವಿಲ್ಲ.

— ಉತ್ತರ 1 —

‘ಮಾರ್ಗದರ್ಶನ’ ಸಂಸ್ಕೃತ. ‘ದಾರಿ ತೋರಿಕೆ’ ಎನ್ನಿ.

— ಉತ್ತರ 4 —

ಹೀಗೆ ಒಂದೊಂದೇ ಹೊರಗೆ ಹಾಕುತ್ತಾ ಹೋದರೆ ಕೊನೆಗೆ ಕಲಾವಿದರ ಬಾಯಲ್ಲಿ ಮಾತೇ ಉಳಿಯುವುದಿಲ್ಲ. ‘ತಾಲೀಮು’ ಅರಬ್ಬಿ. ಹಾಡುವ ‘ಕಚೇರಿ’ ಹಿಂದುಸ್ತಾನಿ. ‘ಕಲಾವಿದ’ ಸಂಸ್ಕೃತ. ಸಂಸ್ಕೃತವನ್ನು ದೂರ ಇಟ್ಟು ಕಾವ್ಯ ಬರೆದ ಆಂಡಯ್ಯನೂ ತದ್ಭವ ಬಿಡಲಿಲ್ಲ. ‘ಕಬ್ಬ’ವೇ ‘ಕಾವ್ಯ’ದ ತದ್ಭವ.

— ಉತ್ತರ 1 —

ತದ್ಭವ ಎಂದರೆ ನಮ್ಮ ಬಾಯಿಗೆ ಒಗ್ಗಿಸಿಕೊಂಡದ್ದು. ‘ಆಧಾರಿತ’ವನ್ನು ಯಾರು ಒಗ್ಗಿಸಿಕೊಂಡಿದ್ದಾರೆ? ಆಡುವ ಮಾತಿನಲ್ಲಿ ಅದನ್ನು ಒಮ್ಮೆಯಾದರೂ ಕೇಳಿದ್ದೀರಾ? ನನ್ನ ತಕರಾರು ಎಲ್ಲಿಂದ ಬಂತು ಅನ್ನುವುದರ ಮೇಲಲ್ಲ, ಆಡುಮಾತಿಗೆ ಇಳಿಯಲಿಲ್ಲ ಅನ್ನುವುದರ ಮೇಲೆ.

— ಉತ್ತರ 2 —

ಹಾಗಿದ್ದರೆ ಬೆಳಿಗ್ಗೆ ‘ತರಬೇತಿ’ಗೆ ಅರಬ್ಬಿ ಅಂತ ಮುಖ ತಿರುಗಿಸಿದ್ದು ಯಾಕೆ? ಅದು ಯಾವಾಗಲೋ ಇಳಿದಿದೆ.

— ಉತ್ತರ 3 —

ಅಂದಹಾಗೆ, ‘ಕಸುವು ಆಧಾರಿತ’ ಎಂದು ಯಾರೂ ಜೋಡಿಸಬೇಡಿ. ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ ಅದು. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಅಂಥದ್ದನ್ನು ಬಿರುದಾವಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕೆ ಒಪ್ಪಿದ್ದಾನೆ. ಫಲಕಕ್ಕಲ್ಲ.

— ಕೇಳಿದವರು —

ಫಲಕ ಕಳುಹಿಸಿಬಿಟ್ಟೆ: ‘ನೀವು ಯಾವುದರಲ್ಲಿ ಗಟ್ಟಿ? ಅಲ್ಲಿಂದ ಮುಂದೆ ಹೋಗೋಣ. ಕಲಾವಿದರಿಗೆ ಒಬ್ಬೊಬ್ಬರಾಗಿ ಮಾರ್ಗದರ್ಶನ.’ ಒಳಪುಟಗಳಲ್ಲಿ ನಾಮಪದ ಬೇಕಾದ ಕಡೆ ‘ಗಟ್ಟಿತನ’ ಬಳಸುತ್ತೇನೆ. ಎಲ್ಲರಿಗೂ ಧನ್ಯವಾದ.

ಈಗ ಇನ್ನೊಂದು ಬೇಕು, ಇದಕ್ಕೆ ವಾರದ ಸಮಯವಿದೆ. ಗಟ್ಟಿತನ ಅತಿಯಾದಾಗ ಅದೇ ಕೊರತೆಯಾಗುತ್ತದೆ ಅಂತ ಒಂದು ಅಧ್ಯಾಯ ಪೂರ್ತಿ ಇದೆ. ವೇಗದ ಸ್ವರಗಳಲ್ಲಿ ಪಳಗಿದ ಗಾಯಕ ನಿಧಾನದ ಆಲಾಪದಲ್ಲೂ ಅವನ್ನೇ ತುಂಬುವುದು, ನಗಿಸಬಲ್ಲ ನಟ ಸಾವಿನ ದೃಶ್ಯದಲ್ಲೂ ನಗು ಹುಡುಕುವುದು. ‘ಅತಿಬಳಕೆ’ ಅಂದರೆ ವಸ್ತು ಸವೆದ ಅರ್ಥ ಬರುತ್ತದೆ. ಇಲ್ಲಿ ಸವೆಯುವುದಿಲ್ಲ, ಜಾಗ ತಪ್ಪುತ್ತದೆ. ರಂಗದವರು ಇದಕ್ಕೆ ಏನನ್ನುತ್ತಾರೆ?