ಬೋಟ್ ಸ್ಟೀರಿಂಗ್ ತಿರುಗುತ್ತಿಲ್ಲ, ಕೇಬಲ್‌ಗೆ ಮನೆಯಲ್ಲೇ ಗ್ರೀಸ್ ಹಾಕಬಹುದಾ?

ಹಿನ್ನೀರ ದಂಡೆ (ಕೊಪ್ಪಳ):

ಎಲ್ಲರಿಗೂ ನಮಸ್ಕಾರ. ನಮ್ಮದು ತುಂಗಭದ್ರಾ ಹಿನ್ನೀರಿನ ಊರು, ಮುನಿರಾಬಾದಿಗಿಂತ ಮೇಲೆ. ಮೀನಿನ ಕೆಲಸಕ್ಕೆ ಒಂದು ಫೈಬರ್ ಬೋಟ್ ಇದೆ. ಹಿಂದೆ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಮುಂದೆ ಕೂತು ಓಡಿಸುವ ಸ್ಟೀರಿಂಗ್. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದಾಗ ಬೋಟ್ ದಂಡೆಗೆ ಎಳೆದು ತಾಡಪತ್ರಿ ಹೊದಿಸಿ ಇಟ್ಟಿದ್ದೆವು. ಈಗ ಒಳಹರಿವು ಶುರುವಾಗಿದೆ, ನೀರು ದಿನಾ ಊರ ಕಡೆ ಬರುತ್ತಿದೆ, ಬೋಟ್ ಇಳಿಸೋಣ ಅಂತ ಹೋದರೆ ಸ್ಟೀರಿಂಗ್ ತಿರುಗ್ತಾನೇ ಇಲ್ಲ. ಬಲಕ್ಕೆ ಸ್ವಲ್ಪ ಹೋಗುತ್ತೆ. ಎಡಕ್ಕೆ ಎರಡೂ ಕೈ ಹಾಕಿ ಎಳೆದರೂ ಅರ್ಧಕ್ಕೆ ನಿಂತುಬಿಡುತ್ತೆ.

ಎಂಜಿನ್ ಹತ್ತಿರ ಕೇಬಲ್ ತುದಿಯ ಬಿಳಿ ಸ್ಟೀಲ್ ರಾಡ್ ಒಂದು ಗೇಣು ಹೊರಗೆ ಚಾಚಿಕೊಂಡಿದೆ. ಅದರ ಮೇಲೆ ಹಳೇ ಗ್ರೀಸು, ಧೂಳು ಎರಡೂ ಸೇರಿ ಕಪ್ಪಗೆ ಗಟ್ಟಿಯಾಗಿ ಕೂತಿದೆ, ಉಗುರಲ್ಲಿ ಕೆರೆದರೂ ಬರಲ್ಲ. ನಮ್ಮ ಮಾವ ಹೇಳುವುದು, ಬೈಕಿನ ಕ್ಲಚ್ ಕೇಬಲ್‌ಗೆ ಬಿಟ್ಟ ಹಾಗೆ ಮೇಲಿನ ತುದಿಯಿಂದ ಎಂಜಿನ್ ಆಯಿಲ್ ಬಿಡು, ರಾತ್ರಿ ಪೂರ್ತಿ ಇಳಿಯಲಿ ಅಂತ. ತಮ್ಮ ಡಬ್ಲ್ಯೂಡಿ-40 ಸ್ಪ್ರೇ ಹೊಡಿ ಸಾಕು ಅಂತಾನೆ. ಯಾರ ಮಾತು ಕೇಳಬೇಕು? ಟ್ರ್ಯಾಕ್ಟರಿನ ಗ್ರೀಸ್ ಗನ್ ಮನೆಯಲ್ಲೇ ಇದೆ. ಬೋಟಲ್ಲಿ ಹುಡುಗರೂ ಬರುತ್ತಾರೆ, ಅದಕ್ಕೇ ಸುಮ್ನೆ ಒಂದು ಕೈ ನೋಡೋಣ ಅಂತ ಶುರು ಮಾಡುವ ಧೈರ್ಯ ಆಗುತ್ತಿಲ್ಲ. ತಿಳಿದವರು ಹೇಳಿ.

ಕರಾವಳಿಯಿಂದ ಬಳ್ಳಾರಿಗೆ:

ಎರಡನ್ನೂ ಈಗಲೇ ಮಾಡಬೇಡಿ. ನಾನು ಔಟ್‌ಬೋರ್ಡ್ ಕೆಲಸ ಕಲಿತದ್ದು ಮಲ್ಪೆ ಕಡೆ, ಈಗ ಇರುವುದು ಬಳ್ಳಾರಿಯಲ್ಲಿ. ಉಪ್ಪುನೀರಲ್ಲಿ ಈ ಕಾಯಿಲೆ ಎಲ್ಲರಿಗೂ ಗೊತ್ತು. ಸಿಹಿನೀರಿನವರು ಮಾತ್ರ ನಮಗೆ ಜಂಗು ಹಿಡಿಯಲ್ಲ ಅಂದುಕೊಂಡು ಮರೆತುಬಿಡುತ್ತಾರೆ. ನಿಮ್ಮ ಕಡೆ ಉಪ್ಪಿಲ್ಲ ನಿಜ, ಆದರೆ ಹೂಳು ಇದೆ, ಧೂಳಿದೆ, ತಿಂಗಳುಗಟ್ಟಲೆ ಬಿಸಿಲಲ್ಲಿ ಒಂದೇ ಕಡೆ ನಿಲ್ಲುವುದಿದೆ. ಗ್ರೀಸಿನ ಎಣ್ಣೆ ಎಲ್ಲ ಆರಿ ಹೋಗಿ ಮೇಣದ ಥರ ಉಳಿಯಲು ಅಷ್ಟು ಸಾಕು.

ಮೊದಲು ಮಾವನ ಮಾತಿಗೆ ಬರೋಣ. ಬೈಕಿನ ಕೇಬಲ್‌ಗೆ ಎಣ್ಣೆ ಬಿಡುವುದು ಸರಿ. ಬೋಟಿನ ಸ್ಟೀರಿಂಗ್ ಕೇಬಲ್‌ನ ಒಳಭಾಗಕ್ಕೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಮುಚ್ಚಿರುತ್ತಾರೆ, ನಾವು ಮೇಲಿಂದ ಬಿಟ್ಟ ಎಣ್ಣೆ ಉದ್ದಕ್ಕೂ ಹೋಗಲ್ಲ, ಹೋದಷ್ಟು ದೂರ ಒಳಗಿನ ಗ್ರೀಸನ್ನು ತೊಳೆದುಹಾಕುತ್ತೆ. ನಮ್ಮ ಕೈಗೆ ಸಿಗುವುದು ಎಂಜಿನ್ ಕಡೆಯ ತುದಿ ಮಾತ್ರ. ನೀವು ಹೇಳಿದ ಆ ಬಿಳಿ ರಾಡ್, ಮತ್ತೆ ಅದು ಹಾದುಹೋಗುವ ದಪ್ಪ ಪೈಪು. ಎಂಜಿನ್ ಮೇಲೆತ್ತುವಾಗ ಇಡೀ ಎಂಜಿನ್ ತಿರುಗುವುದು ಆ ಪೈಪಿನ ಮೇಲೇ, ಅದಕ್ಕೇ ಟಿಲ್ಟ್ ಟ್ಯೂಬ್ ಅನ್ನುತ್ತಾರೆ. ಹತ್ತರಲ್ಲಿ ಎಂಟು ಸಲ ರಾಡ್ ಕಚ್ಚಿಕೊಳ್ಳುವುದು ಅಲ್ಲೇ.

ಆದರೆ ನಿಮ್ಮದೂ ಅದೇನಾ ಅಂತ ಮೊದಲು ಗೊತ್ತಾಗಬೇಕು. ಗ್ರೀಸ್ ಗನ್ ಪಕ್ಕಕ್ಕಿಡಿ, ಪಾನಾ ತಗೊಳ್ಳಿ. ರಾಡಿನ ತುದಿಯಿಂದ ಎಂಜಿನ್ನಿಗೆ ಒಂದು ಸಣ್ಣ ಕಬ್ಬಿಣದ ಲಿಂಕ್ ಇರುತ್ತೆ, ಅದನ್ನು ಬಿಚ್ಚಿ. ವಾಷರ್ ಯಾವುದು ಮೇಲೆ ಯಾವುದು ಕೆಳಗೆ ಅಂತ ಬಿಚ್ಚುವ ಮುಂಚೆ ಮೊಬೈಲಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ. ಈಗ ಎಂಜಿನ್ನನ್ನು ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ. ಅದೇ ಗಟ್ಟಿ ಇದ್ದರೆ ಕೇಬಲ್‌ದು ಏನೂ ತಪ್ಪಿಲ್ಲ, ಎಂಜಿನ್ ತಿರುಗುವ ಬ್ರಾಕೆಟ್‌ಗೆ ಗ್ರೀಸ್ ಬೇಕು, ಅಲ್ಲಿ ಗನ್ನಿನಿಂದ ಗ್ರೀಸ್ ಒತ್ತುವ ಸಣ್ಣ ಬಾಯಿ, ಅಂದರೆ ನಿಪ್ಪಲ್ ಇರುತ್ತೆ. ಎಂಜಿನ್ ಸಲೀಸಾಗಿ ಆಡಿ ಸ್ಟೀರಿಂಗ್ ಮಾತ್ರ ಗಟ್ಟಿ ಇದ್ದರೆ ತೊಂದರೆ ರಾಡಿನಿಂದ ಸ್ಟೀರಿಂಗ್ ಗೇರ್ (ಸ್ಟೀರಿಂಗ್ ಹಿಂದೆ ಕೇಬಲ್ ಎಳೆಯುವ ಹಲ್ಲಿನ ಪೆಟ್ಟಿಗೆ) ತನಕ ಎಲ್ಲೋ ಇದೆ. ನೋಡಿ ಬರೆಯಿರಿ, ಮುಂದಿನದು ಹೇಳುತ್ತೇನೆ.

ಇನ್ನೊಂದು ಮಾತು. ಬಲ ಹಾಕಿ ಸ್ಟೀರಿಂಗ್ ತಿರುಗಿಸಬೇಡಿ. ರಾಡ್ ಬಿಡುವ ಮುಂಚೆ ಒಳಗಿನ ಗೇರ್ ಹಲ್ಲು ಹೋಗುತ್ತೆ.

ಹಿನ್ನೀರ ದಂಡೆ (ಕೊಪ್ಪಳ):

ಅಣ್ಣಾ, ಬಿಚ್ಚಿ ನೋಡಿದೆ. ಎಂಜಿನ್ ಒಂದು ಕೈಯಲ್ಲಿ ಆರಾಮ ತಿರುಗುತ್ತೆ. ಸ್ಟೀರಿಂಗ್ ಮೊದಲಿನ ಹಾಗೇ ಗಟ್ಟಿ. ಅಂದರೆ ರಾಡೇ ಅಲ್ವಾ?

ಕರಾವಳಿಯಿಂದ ಬಳ್ಳಾರಿಗೆ:

ಬಹುಶಃ ರಾಡೇ. ತಮ್ಮನ ಸ್ಪ್ರೇಗೆ ಈಗ ಕೆಲಸ ಇದೆ. ಪೈಪಿನ ಎರಡೂ ಬಾಯಿಗೆ ಚೆನ್ನಾಗಿ ಹೊಡೆದು ರಾತ್ರಿ ಬಿಡಿ, ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. ಆ ಸ್ಪ್ರೇ ಜಂಗು ಬಿಡಿಸಲು ಒಳ್ಳೆಯದು, ಗ್ರೀಸಿನ ಜಾಗದಲ್ಲಿ ಅದನ್ನೇ ಬಿಟ್ಟರೆ ಸ್ವಲ್ಪ ದಿನಕ್ಕೆ ಆರಿಹೋಗಿ ರಾಡ್ ಬರಿದಾಗುತ್ತೆ. ಆಮೇಲೆ ಪೈಪಿಗೆ ಕೇಬಲ್ ಹಿಡಿದಿರುವ ದೊಡ್ಡ ನಟ್ ಬಿಚ್ಚಿ. ರಾಡಿನ ತುದಿಗೆ ಮರದ ತುಂಡು ಇಟ್ಟು ಅದರ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಇನ್ನೊಬ್ಬರು ರಾಡ್ ಒಳಗೆ ಹೋಗುವ ಕಡೆಗೆ ಸ್ಟೀರಿಂಗ್ ತಿರುಗಿಸುತ್ತಾ ಇರಲಿ. ಸುತ್ತಿಗೆ ನೇರ ರಾಡಿಗೆ ಬಿದ್ದರೆ ತುದಿ ಅಗಲವಾಗುತ್ತೆ, ಆಮೇಲೆ ಅದು ಯಾವ ಪೈಪಲ್ಲೂ ಹಾಯಲ್ಲ. ಒಂದು ಕೂದಲೆಳೆ ಅಲುಗಿದರೂ ಸಾಕು, ಹಿಂದೆ ಮುಂದೆ ಆಡಿಸಿ ಇನ್ನೊಮ್ಮೆ ಸ್ಪ್ರೇ ಹೊಡೆಯಿರಿ.

ಬೆಂಕಿ ಹಚ್ಚಿ ಬಿಸಿ ಮಾಡಲು ಹೋಗಬೇಡಿ. ಪಕ್ಕದಲ್ಲೇ ಪೆಟ್ರೋಲ್ ಪೈಪು, ಕೇಬಲ್ ಹೊದಿಕೆ ಪ್ಲಾಸ್ಟಿಕ್. ತೀರಾ ಬೇಕಾದರೆ ಪೈಪಿನ ಮೇಲೆ ಬಿಸಿನೀರು ಹೊಯ್ಯಿರಿ, ಅಷ್ಟೇ.

ಗಂಗಾವತಿ ಗ್ಯಾರೇಜ್:

ನಾನು ಬೋಟ್ ಮುಟ್ಟಿದವನಲ್ಲ, ಟ್ರ್ಯಾಕ್ಟರ್ ಮತ್ತು ಭತ್ತ ಕೊಯ್ಯುವ ಯಂತ್ರದ ಕೆಲಸ. ಆದರೆ ಗ್ರೀಸ್ ವಿಷಯ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಗನ್ನಿನಲ್ಲಿ ಇರುವುದು ಯಾವ ಗ್ರೀಸ್ ಅಂತ ಮೊದಲು ನೋಡಿ. ನಮ್ಮ ಕಡೆ ಮನೆಮನೆಯಲ್ಲಿ ಇರುವುದು ಎಪಿ-3, ಲಿಥಿಯಂ ಗ್ರೀಸ್. ಬೇರಿಂಗಿಗೆ ಒಳ್ಳೆಯ ಮಾಲು. ಆದರೆ ಕೈಯಲ್ಲಿ ಹಿಡಿದರೇ ಗಟ್ಟಿ ಅನ್ನಿಸುತ್ತೆ, ಡಬ್ಬಿಯ ಮೇಲಿನ 3 ಅದರ ಗಟ್ಟಿತನದ ಅಂಕಿ. ಸಣ್ಣ ಸಂದಿಯಲ್ಲಿ ಜಾರುವ ರಾಡಿಗೆ 2ನೇ ನಂಬರಿನದು ಮೇಲು. ಕೆಸರುಗದ್ದೆಯಲ್ಲಿ ಓಡುವ ಗಾಡಿಗಳ ಗ್ರೀಸನ್ನು ನೀರು ಹೇಗೆ ತೊಳೆದು ಒಯ್ಯುತ್ತೆ ಅಂತ ನಾವು ಪ್ರತಿ ನಾಟಿಯಲ್ಲಿ ನೋಡುತ್ತೇವೆ. ಹಾಗಾಗಿ ನೀರು ತಡೆಯುವಂಥದ್ದೇ ಬೇಕು. ಮರೀನ್ ಗ್ರೀಸ್ ಅಂತಲೇ ಸಿಗುತ್ತೆ, ಆನ್‌ಲೈನ್ ತರಿಸಬಹುದು.

ಮುಖ್ಯ ವಿಷಯ, ಹಳೆಯದರ ಮೇಲೆ ಹೊಸದು ಹಾಕಬೇಡಿ. ಎರಡು ಜಾತಿಯ ಗ್ರೀಸ್ ಸೇರಿದರೆ ಕೆಲವೊಮ್ಮೆ ನೀರಾಗಿ ಸೋರುತ್ತೆ, ಕೆಲವೊಮ್ಮೆ ಗಂಟು ಕಟ್ಟುತ್ತೆ. ಡೀಸೆಲ್‌ನಲ್ಲಿ ಬಟ್ಟೆ ಅದ್ದಿ ರಾಡ್ ತೊಳೆಯಿರಿ, ಪೈಪಿನ ಒಳಗೆ ಉದ್ದ ಕಂಬಿಗೆ ಬಟ್ಟೆ ಸುತ್ತಿ ಎಳೆಯಿರಿ, ಬಟ್ಟೆ ಬಿಳಿಯಾಗಿ ವಾಪಸ್ ಬರುವ ತನಕ. ಕೊನೆಗೆ ಒಣ ಬಟ್ಟೆ. ಡೀಸೆಲ್ ಉಳಿದರೆ ಹೊಸ ಗ್ರೀಸ್ ಹಿಡಿಯಲ್ಲ. ನಿಪ್ಪಲ್ ಬಾಯಲ್ಲಿ ಧೂಳು ಕೂತಿರುತ್ತೆ, ಅದನ್ನು ಒರೆಸದೆ ಗನ್ ಹಚ್ಚಿದರೆ ಆ ಧೂಳನ್ನೇ ಒಳಗೆ ತಳ್ಳಿದ ಹಾಗೆ.

ಕರಾವಳಿಯಿಂದ ಬಳ್ಳಾರಿಗೆ:

ಗ್ಯಾರೇಜಿನವರು ಹೇಳಿದ್ದು ನೂರಕ್ಕೆ ನೂರು. ಗನ್ ಬಗ್ಗೆ ಒಂದೇ ಸೇರಿಸುತ್ತೇನೆ, ಇದನ್ನು ಗೊತ್ತಿದ್ದವರೂ ಬಿಡುತ್ತಾರೆ. ಪೈಪಿನ ನಿಪ್ಪಲ್‌ಗೆ ಗ್ರೀಸ್ ಒತ್ತುವಾಗ ರಾಡ್ ಪೂರ್ತಿ ಒಳಗೆ ಎಳೆದುಕೊಂಡಿರಬೇಕು. ರಾಡ್ ಹೊರಗೆ ಚಾಚಿದ್ದಾಗ ಒತ್ತಿದರೆ ಗ್ರೀಸ್ ಹೋಗಿ ರಾಡ್ ವಾಪಸ್ ಬರಬೇಕಾದ ಜಾಗದಲ್ಲೇ ತುಂಬಿಕೊಳ್ಳುತ್ತೆ. ಆಮೇಲೆ ಅದಕ್ಕೆ ಆಚೆ ಹೋಗಲು ದಾರಿ ಇರಲ್ಲ, ಸ್ಟೀರಿಂಗ್ ಕಲ್ಲಿನ ಹಾಗೆ ನಿಂತುಬಿಡುತ್ತೆ. ಎಂಜಿನ್ ಕಂಪನಿಗಳು ಪುಸ್ತಕದಲ್ಲಿ ಎಚ್ಚರಿಕೆ ಅಂತ ಬೇರೆಯಾಗಿ ಅಚ್ಚು ಹಾಕುವ ವಿಷಯ ಇದು. ನಿಧಾನ ಒತ್ತಿ, ಪೈಪಿನ ಬಾಯಲ್ಲಿ ಹೊಸ ಗ್ರೀಸ್ ಇಣುಕಿದರೆ ನಿಲ್ಲಿಸಿ, ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಆಡಿಸಿ, ಹೊರಗೆ ಬಂದದ್ದನ್ನು ಒರೆಸಿ. ಕೆಲವು ಎಂಜಿನ್ನಿನ ಪೈಪಿಗೆ ನಿಪ್ಪಲ್ ಇರಲ್ಲ, ಆಗ ರಾಡ್ ಹೊರಗೆ ತೆಗೆದೇ ಕೈಯಿಂದ ಸವರಬೇಕು.

ಕೃಷ್ಣಾ ದಂಡೆ (ರಾಯಚೂರು):

ನಾನು ಲಿಂಗಸುಗೂರು ಕಡೆಯವನು. ನಮ್ಮ ಕಡೆ ನಾರಾಯಣಪುರದಿಂದ ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗುತ್ತೆ, ನಡುಗಡ್ಡೆಯ ಊರುಗಳಿಗೆ ದಾರಿ ಇರಲ್ಲ. 2019ರ ಆಗಸ್ಟಿನ ಹೊಳೆ ನೋಡಿದವರಿಗೆ ಹರಿಯುವ ನೀರಲ್ಲಿ ಬೋಟ್ ತಿರುಗದಿದ್ದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪ್ರವಾಹಕ್ಕೆ ಬರುವ ರಬ್ಬರ್ ಬೋಟ್‌ಗಳಲ್ಲಿ ಬಹಳಷ್ಟಕ್ಕೆ ಈ ಕೇಬಲ್ ಇರುವುದೇ ಇಲ್ಲ, ಎಂಜಿನ್ನಿನ ಹಿಡಿಕೆ ಹಿಡಿದೇ ತಿರುಗಿಸುತ್ತಾರೆ. ಕೇಬಲ್ ಇರುವ ಬೋಟಲ್ಲಿ ಮುಂದೆ ಕೂತವನ ಕೈಗೂ ಎಂಜಿನ್ನಿಗೂ ಇರುವ ಸಂಬಂಧ ಆ ಒಂದು ತಂತಿ ಮಾತ್ರ.

ಅದಕ್ಕೇ ಹೇಳುತ್ತೇನೆ, ರಾಡ್ ಬಿಟ್ಟಿತು ಅಂತ ಅಲ್ಲಿಗೇ ಮುಗಿಸಬೇಡಿ ತಮ್ಮಾ. ರಾಡ್ ಪೈಪಿನಿಂದ ಹೊರಗಿರುವಾಗಲೇ ಸ್ಟೀರಿಂಗ್ ತಿರುಗಿಸಿ ನೋಡಿ. ಆಗ ಎರಡು ಬೆರಳಲ್ಲಿ ತಿರುಗಬೇಕು. ಆಗಲೂ ಬಿಗಿ ಇದ್ದರೆ ಕೇಬಲ್ ಒಳಗೇ ಕೆಟ್ಟಿದೆ, ಇಲ್ಲವೇ ಸ್ಟೀರಿಂಗ್ ಗೇರ್ ಕೆಟ್ಟಿದೆ. ಮುಂದಿನ ತುದಿಯಲ್ಲೂ ಕೇಬಲ್ ಬಿಚ್ಚಿ ಬರೀ ಗೇರ್ ತಿರುಗಿಸಿದರೆ ಯಾವುದು ಅಂತ ಗೊತ್ತಾಗುತ್ತೆ. ಕೇಬಲ್ ಹೊದಿಕೆಯನ್ನು ಉದ್ದಕ್ಕೂ ಕೈಯಾಡಿಸಿ ನೋಡಿ. ಎಲ್ಲಾದರೂ ಉಬ್ಬಿದೆಯಾ, ಬಿರುಕು ಬಿಟ್ಟಿದೆಯಾ, ಇಲಿ ಕಡಿದಿದೆಯಾ? ಬಿರುಕಿಂದ ನೀರು ಒಳಗೆ ಹೋದರೆ ಒಳಗಿನ ತಂತಿ ಜಂಗು ಹಿಡಿದು ದಪ್ಪ ಆಗುತ್ತೆ, ಹೊದಿಕೆ ಉಬ್ಬುತ್ತೆ. ಅಂಥದ್ದಕ್ಕೆ ಯಾವ ಗ್ರೀಸೂ ಇಲ್ಲ. ಹೊಸದು ಹಾಕಬೇಕು.

ಹಿನ್ನೀರ ದಂಡೆ (ಕೊಪ್ಪಳ):

ಎಲ್ಲರಿಗೂ ಬಹಳ ಧನ್ಯವಾದ. ಸ್ಪ್ರೇ ಹೊಡೆದು ಬಿಟ್ಟು, ಮರದ ತುಂಡು ಇಟ್ಟು ತಟ್ಟಿ, ತಮ್ಮ ಸ್ಟೀರಿಂಗ್ ಹಿಡಿದು, ಅಂತೂ ರಾಡ್ ಹೊರಗೆ ಬಂತು. ಪೈಪಿನೊಳಗಿನಿಂದ ಬಂದದ್ದು ಗ್ರೀಸ್ ಅಲ್ಲ, ಕಂದು ಬಣ್ಣದ ಹುಡಿ, ನಡುವೆ ಹೂಳು ಒಣಗಿ ಚಕ್ಕೆಯಾಗಿತ್ತು. ಡೀಸೆಲ್ ಬಟ್ಟೆ ಎಳೆದೂ ಎಳೆದೂ ಪೈಪು ಈಗ ಹೊಳೆಯುತ್ತಿದೆ. ರಾಡನ್ನು ನುಣುಪು ಪಾಲಿಶ್ ಪೇಪರಲ್ಲಿ ಉಜ್ಜಿದೆ, ಗುಂಡಿ ಬಿದ್ದಿಲ್ಲ.

ಆದರೆ ರಾಯಚೂರಿನ ಅಣ್ಣ ಹೇಳಿದ ಹಾಗೆ ರಾಡ್ ಹೊರಗಿಟ್ಟು ತಿರುಗಿಸಿದರೆ ಮೊದಲಿಗಿಂತ ಹಗುರ, ಎರಡು ಬೆರಳಲ್ಲಿ ಮಾತ್ರ ಆಗಲ್ಲ. ಒಂದು ಕಡೆ ಬಂದಾಗ ಕರಕರ ಅನ್ನುತ್ತೆ. ಹೊದಿಕೆ ನೋಡುತ್ತಾ ಹೋದೆ. ಬೋಟಿನ ಪಕ್ಕದ ಗೋಡೆಯಿಂದ ಹೊರಬಂದು ಎಂಜಿನ್ ಕಡೆ ಬಾಗುವಲ್ಲಿ, ತಾಡಪತ್ರಿ ಮುಚ್ಚದ ಜಾಗದಲ್ಲಿ, ಒಂದು ಕಿರುಬೆರಳಿನಷ್ಟು ಉದ್ದ ಬಿರುಕು, ಅದರ ಸುತ್ತ ಉಬ್ಬು. ಒತ್ತಿದರೆ ಕೆಂಪು ನೀರು ಜಿನುಗುತ್ತೆ. ಇದಕ್ಕೆ ಟೇಪ್ ಸುತ್ತಿ ಒಂದು ಸೀಸನ್ ಓಡಿಸಬಹುದಾ? ನಮ್ಮಲ್ಲಿ ಹಾಗೆ ಓಡಿಸಿದವರು ಇದ್ದಾರೆ.

ಕೃಷ್ಣಾ ದಂಡೆ (ರಾಯಚೂರು):

ಬೇಡ. ಕೆಂಪು ನೀರು ಬಂತು ಅಂದರೆ ಒಳಗಿನ ತಂತಿ ಜಂಗು ತಿಂದಾಗಿದೆ. ಟೇಪ್ ಸುತ್ತಿದರೆ ನೀರು ಒಳಗೇ ಉಳಿಯುತ್ತೆ, ಜಂಗು ಇನ್ನೂ ಜಾಸ್ತಿ. ಗಾಳಿ ಎದ್ದಾಗ ಜಲಾಶಯದ ನಡುವೆ ಅಲೆ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಹುಡುಗರು ಬರುತ್ತಾರೆ ಅಂತ ನೀವೇ ಬರೆದಿದ್ದೀರಿ. ಹೊಸ ಕೇಬಲ್ ಬರುವ ತನಕ ಹರಿಗೋಲಲ್ಲೇ ಬಲೆ ಹಾಕಿ.

ಕರಾವಳಿಯಿಂದ ಬಳ್ಳಾರಿಗೆ:

ನನ್ನದೂ ಅದೇ ಮಾತು. ನೀವು ಮಾಡಿದ ಕೆಲಸ ಏನೂ ವ್ಯರ್ಥ ಆಗಲಿಲ್ಲ. ಪೈಪು ಸ್ವಚ್ಛ ಮಾಡದೆ ಹೊಸ ಕೇಬಲ್ ತೂರಿಸಿದ್ದರೆ ಅದೂ ಮುಂದಿನ ಬೇಸಿಗೆಗೆ ಹಿಡಿದುಕೊಳ್ಳುತ್ತಿತ್ತು.

ಕೇಬಲ್ ತರಿಸುವ ಮುಂಚೆ ಹಳೆಯದರ ಹೊದಿಕೆ ಒರೆಸಿ ನೋಡಿ, ನಂಬರ್ ಅಚ್ಚಾಗಿರುತ್ತೆ. ಬಹಳ ಕಂಪನಿಗಳ ನಂಬರಿನಲ್ಲಿ ಕೊನೆಯ ಎರಡು ಅಂಕಿ ಅಡಿ ಲೆಕ್ಕ, 14 ಅಂತ ಇದ್ದರೆ 14 ಅಡಿ. ಸ್ಟೀರಿಂಗ್ ಗೇರ್ ಮೇಲಿನ ಹೆಸರು, ನಂಬರಿನ ಫೋಟೋ ಕೂಡ ಕಳಿಸಿ, ಒಂದು ಕಂಪನಿಯ ಗೇರ್‌ಗೆ ಇನ್ನೊಂದರ ಕೇಬಲ್ ಕೂರುತ್ತೆ ಅಂತ ಹೇಳಕ್ಕಾಗಲ್ಲ. ಅಳತೆಯಲ್ಲಿ ಕಡಿಮೆ ಬರಬಾರದು. ಗಿಡ್ಡ ಕೇಬಲ್ ಎಳೆದು ಕೂರಿಸಿದರೆ ಬಾಗು ಬಿಗಿಯಾಗಿ ಮತ್ತೆ ಅದೇ ಜಾಗದಲ್ಲಿ ಬಿರುಕು ಬಿಡುತ್ತೆ. ಬಾಗುವ ಕಡೆಯಲ್ಲೆಲ್ಲ ದೊಡ್ಡ ಸುತ್ತು ಇರಲಿ, ಎಂಜಿನ್ ಪೂರ್ತಿ ಮೇಲೆತ್ತಿ, ಎರಡೂ ಕಡೆ ತಿರುಗಿಸಿ, ಎಲ್ಲೂ ಸಿಕ್ಕಿಕೊಳ್ಳಲ್ಲ ಅಂತ ನೋಡಿ.

ಕೂರಿಸುವಾಗ ಲಿಂಕಿನ ನಟ್ ಹಳೆಯದು ಹಾಕಬೇಡಿ. ಅದರೊಳಗೆ ನೈಲಾನ್ ಉಂಗುರ ಇರುತ್ತೆ, ಒಮ್ಮೆ ಬಿಚ್ಚಿದರೆ ಹಿಡಿತ ಹೋಗುತ್ತೆ. ಅದೇ ಅಳತೆಯ ಹೊಸ ಲಾಕ್ ನಟ್ ತನ್ನಿ. ಬಿಗಿ ಎಷ್ಟು ಅಂತ ಎಂಜಿನ್ನಿನ ಪುಸ್ತಕದಲ್ಲಿ ಇರುತ್ತೆ. ಹೊಸ ರಾಡಿಗೂ ಗ್ರೀಸ್ ಸವರಿಯೇ ತೂರಿಸಿ. ಮುಂದಿನ ಬೇಸಿಗೆಗೆ ಬೋಟ್ ದಂಡೆಗೆ ಎಳೆಯುವಾಗ ರಾಡ್ ಒಳಗಿರುವ ಹಾಗೆ ಸ್ಟೀರಿಂಗ್ ತಿರುಗಿಸಿ ನಿಲ್ಲಿಸಿ, ತಾಡಪತ್ರಿ ಎಂಜಿನ್ ಕಡೆಯ ಕೇಬಲ್‌ನ್ನೂ ಮುಚ್ಚಲಿ, ಮತ್ತೆ ವಾರಕ್ಕೊಮ್ಮೆ ಆ ಕಡೆ ಹೋದವರು ಯಾರಾದರೂ ಸ್ಟೀರಿಂಗ್ ಪೂರ್ತಿ ಒಂದು ಸಲ ಆಡಿಸಿ ಬರಲಿ.