ಹಿರೇಬೆಣಕಲ್ ಮೊರೇರ ಗುಡ್ಡ: ಡಿಸೆಂಬರ್‌ನಾಗ 24 ಮಂದಿಯ ಒಂದು ದಿನದ ಚಾರಣ, ಸಲಹೆ ಬೇಕು

ರಾಯಚೂರು_ಚಾರಣ:
ನಮ್ಮ ಬಳಗದಿಂದ ಡಿಸೆಂಬರ್‌ನ ಒಂದು ಭಾನುವಾರ ಹಿರೇಬೆಣಕಲ್‌ಗೆ ಬರಬೇಕಂತ ಮಾಡೀವಿ. 24 ಮಂದಿ; ಆರು ಮಂದಿ 60 ದಾಟಿದವರು, ನಾಲ್ಕು ಹುಡುಗ್ರು 10–12 ವರ್ಷದವು. ಮುಂಜಾನೆ ಅಂಜನಾದ್ರಿ ಹತ್ತಿ ಇಳಿದು, ಊಟ ಮುಗಿಸಿ, ಮಧ್ಯಾಹ್ನ ಮೊರೇರ ಗುಡ್ಡ (ಹಳೇ ಕಾಲದ ಕಲ್ಲು ಸಮಾಧಿಗಳು ಇರೋ ಗುಡ್ಡ) ಅಂತ ಪ್ಲ್ಯಾನ್. ಚಳಿಗಾಲ ಅಂದಮ್ಯಾಲೆ ಬಿಸಿಲಿನ ಚಿಂತಿ ಇರಲಿಕ್ಕಿಲ್ಲ. ನೀರು ಎಷ್ಟು ಹೊರಬೇಕು? ದಾರಿ ತೋರಿಸೋರು ಬೇಕಾಗ್ತಾರೇನು?

ಗಂಗಾವತಿಯವ:
ಪ್ಲ್ಯಾನ್ ಉಲ್ಟಾ ಐತ್ರಿ. ಮೊದಲು ಮೊರೇರ ಗುಡ್ಡ, ಹೊತ್ತು ಉಳಿದ್ರ ಅಂಜನಾದ್ರಿ. ಅಂಜನಾದ್ರಿಗೆ 575 ಮೆಟ್ಟಿಲು ಅದಾವು, ಕೆಳಗ ಅಂಗಡಿ ಅದಾವು, ಸಂಜಿಮುಂದ ಹತ್ತಿದ್ರೂ ನಡೀತೈತಿ. ಮೊರೇರ ಗುಡ್ಡದ ಮ್ಯಾಲೆ ನೀರಿಲ್ಲ, ಅಂಗಡಿ ಇಲ್ಲ, ನೆರಳೂ ಕಡಿಮಿ.

ನಮ್ಮ ಕಡೆ ಚಳಿ ಅಂದ್ರ ಮುಂಜಾನೆ ಎಂಟರ ತನಕ ಅಷ್ಟ. ಮಧ್ಯಾಹ್ನ 30 ಡಿಗ್ರಿ ಹತ್ತಿರ ಹೋಗ್ತೈತಿ. 11 ದಾಟಿದ ಮ್ಯಾಲೆ ಹಾಸುಬಂಡಿ ಕಾಯ್ತೈತಿ, ಮ್ಯಾಲಿಂದೂ ಕೆಳಗಿಂದೂ ಬಿಸಿ. ಒಣ ಗಾಳಿಗೆ ಬೆವರು ಅಲ್ಲೇ ಆರಿಹೋಗ್ತೈತಿ, ಹಂಗಾಗಿ ನೀರಡಿಕಿ ಗೊತ್ತಾಗಂಗಿಲ್ಲ, ಮಂದಿ ಕುಡಿಯಂಗಿಲ್ಲ. ಇಳಿಯುವಾಗ ತಲಿ ಸುತ್ತೋದು, ಮೀನಖಂಡ ಹಿಡಿಯೋದು ಇದರಿಂದನ. ದೊಡ್ಡವರಿಗೆ ತಲಿಗೆ 3 ಲೀಟರ್, ಹುಡುಗ್ರಿಗೆ 2. ಅರ್ಧ ತಾಸಿಗೊಮ್ಮೆ ನಿಂತು ಎಲ್ಲಾರೂ ಎರಡು ಗುಟುಕು ಕುಡೀಲೇಬೇಕು ಅಂತ ಮುಂದಾಳು ಹೇಳಬೇಕು. ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ (ಟೀ ಚಮಚ) ಸಕ್ಕರಿ, ಅರ್ಧ ಸಣ್ಣ ಚಮಚ ಉಪ್ಪು ಕಲಸಿದ ಬಾಟ್ಲಿ ಒಂದೆರಡು ಬ್ಯಾರೆ ಇರಲಿ. ಮ್ಯಾಲಿನ ಕೆರಿ ನೀರು ಕುಡಿಯಾಕಲ್ಲ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಾಳಿಹಣ್ಣು ಸಾಕು. ಚಿತ್ರಾನ್ನ, ಮೊಸರನ್ನ ಮುಂಜಾನೆ ಕಟ್ಟಿದ್ದು ಆ ಬಿಸಲಿಗೆ ಮಧ್ಯಾಹ್ನ ತಿನ್ನುವಂಗ ಇರಂಗಿಲ್ಲ.

ತಾರೀಕು ಗಟ್ಟಿ ಮಾಡೋಕಿಂತ ಮುಂಚೆ ಹನುಮಮಾಲೆ ವಿಸರ್ಜನಿ (ಮಾಲಿ ಹಾಕಿದ ಭಕ್ತರು ಅಂಜನಾದ್ರಿಗೆ ಬಂದು ಮಾಲಿ ತೆಗೆಯೋ ದಿನ) ಯಾವಾಗ ನೋಡ್ರಿ. ಅವತ್ತು ಅಂಜನಾದ್ರಿ, ಆನೆಗೊಂದಿ ರಸ್ತೆದಾಗ ಬಸ್ಸು ಮುಂದ ಹೋಗಂಗಿಲ್ಲ.

ಹಾಸುಬಂಡೆ:
ಸಮಯದ ಲೆಕ್ಕ ಹೀಗಿಡಿ. ಡಿಸೆಂಬರ್‌ನಲ್ಲಿ ಸೂರ್ಯೋದಯ 6:40ರ ಸುಮಾರು. ಹಿರೇಬೆಣಕಲ್ ಊರಿನಿಂದ 7ಕ್ಕೆ ಹೊರಡಿ. ಕತ್ತಲಲ್ಲಿ ಹೊರಡಬೇಡಿ, ಆ ಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ಈ ವಯಸ್ಸಿನ ಗುಂಪಿಗೆ ಹತ್ತಲು ಎರಡು ತಾಸು ಹಿಡಿಯಿರಿ. 11ಕ್ಕೆ ಎಲ್ಲಿದ್ದರೂ ಸರಿ, ವಾಪಸ್. ರಾಯಚೂರಿಂದ ಅದೇ ದಿನ ಹೊರಟರೆ 7ಕ್ಕೆ ಮುಟ್ಟುವುದು ಕಷ್ಟ. ಹಿಂದಿನ ರಾತ್ರಿ ಗಂಗಾವತಿಯಲ್ಲಿ ತಂಗಿ, ಅಲ್ಲಿಂದ ಸುಮಾರು 10 ಕಿ.ಮೀ. ಅಷ್ಟೇ.

ಊರಿನವರೊಬ್ಬರನ್ನು ಕೂಲಿ ಕೊಟ್ಟು ಕರೆದುಕೊಂಡೇ ಹೋಗಿ. ದನ, ಕುರಿ ಮೇಯಿಸುವವರ ಜಾಡುಗಳು ದಾರಿಯಂತೆಯೇ ಕಾಣುತ್ತವೆ, ಸ್ವಲ್ಪ ದೂರ ಹೋಗಿ ಮುಳ್ಳುಪೊದೆಯಲ್ಲಿ ಮುಗಿಯುತ್ತವೆ. ಗುಂಪು ಒಡೆಯುವುದು ಇಂಥ ಕವಲಿನಲ್ಲೇ: ಮುಂದಿನವರು ಬಂಡೆ ತಿರುಗಿ ಮರೆಯಾಗುತ್ತಾರೆ, ಹಿಂದಿನವರು ಬೇರೆ ಜಾಡು ಹಿಡಿಯುತ್ತಾರೆ. 24 ಜನರನ್ನು 12ರ ಎರಡು ತಂಡ ಮಾಡಿ. ಪ್ರತಿ ತಂಡಕ್ಕೆ ಮುಂದೊಬ್ಬ, ಕೊನೆಯಲ್ಲೊಬ್ಬ, ಇಬ್ಬರ ಹತ್ತಿರವೂ ಸೀಟಿ. ಕವಲು ಬಂದಲ್ಲೆಲ್ಲ ನಿಂತು ತಲೆ ಎಣಿಸಿ. ಹಿರಿಯರನ್ನು ಹಿಂದೆ ಬಿಡಬೇಡಿ, ಮುಂದಾಳಿನ ಬೆನ್ನಿಗೇ ಇರಲಿ. ಹಿಂದೆ ಬಿದ್ದವರು ಬಂದು ಸೇರುವ ಹೊತ್ತಿಗೆ ಮುಂದಿನವರ ವಿಶ್ರಾಂತಿ ಮುಗಿದಿರುತ್ತದೆ, ಇವರಿಗೆ ಕೂರಲು ಸಿಗುವುದೇ ಇಲ್ಲ.

ಜಾರುವುದು ಹತ್ತುವಾಗಲ್ಲ, ಇಳಿಯುವಾಗ. ಇಳಿಜಾರು ಬಂಡೆಯ ಮೇಲೆ ಉದುರಿದ ಗರಸು ಕಾಲಡಿ ಗಾಲಿಯಂತೆ ಉರುಳುತ್ತದೆ. ಪಾದ ಪೂರ್ತಿ ಊರಿ, ಸಣ್ಣ ಹೆಜ್ಜೆ, ಮಂಡಿ ಸ್ವಲ್ಪ ಬಾಗಿರಲಿ. ಹಿಂದಕ್ಕೆ ವಾಲಿದರೆ ಕಾಲು ಮುಂದೆ ಹೋಗುತ್ತದೆ. ಬಂಡೆಯ ಮೇಲಿನ ಕಪ್ಪು ಪಟ್ಟೆಗಳು ನೀರಿಳಿದ ಜಾಗ. ಒಣಗಿದ್ದರೆ ತೊಂದರೆಯಿಲ್ಲ, ಮುಂಜಾನೆಯ ಇಬ್ಬನಿ ಇದ್ದರೆ ಅಲ್ಲಿ ಕಾಲಿಡಬೇಡಿ. ಅಡಿ ಸವೆದ ಶೂ ಇದ್ದವರನ್ನು ಬಸ್ಸಿನ ಹತ್ತಿರವೇ ತಡೆಯುವುದು ಒಳ್ಳೆಯದು, ಮುಲಾಜು ಬೇಡ.

ಇನ್ನು ಮೇಲಿನ ಮೊರೇರ ಮನೆಗಳು. ಸುಮಾರು 400 ಸಮಾಧಿ ರಚನೆಗಳು, ಎರಡು ಸಾವಿರ ವರ್ಷಕ್ಕೂ ಹಳೆಯವು. ಗಾರೆಯಿಲ್ಲ, ನಿಂತ ಚಪ್ಪಡಿಗಳು ಒಂದಕ್ಕೊಂದು ಆತುಕೊಂಡಿವೆ, ಬುಡದ ಸಣ್ಣ ಕಲ್ಲುಗಳೇ ಹಿಡಿದಿಟ್ಟಿವೆ. ಆ ಕಲ್ಲು ಕಿತ್ತು ಕೂರಲು ಹಾಕಿಕೊಳ್ಳುವುದು, ದುಂಡು ಕಿಂಡಿಯಲ್ಲಿ ಹುಡುಗರನ್ನು ತೂರಿಸಿ ಫೋಟೊ ತೆಗೆಯುವುದು ಬೇಡವೇ ಬೇಡ, ಮೇಲಿನ ಚಪ್ಪಡಿ ಟನ್‌ಗಟ್ಟಲೆ ಭಾರ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯಂತೆ ಎರಡು ವರ್ಷದವರೆಗೆ ಜೈಲಾಗಬಹುದು. ನಗಾರಿ ಕಲ್ಲು (ನಗಾರಿ ಆಕಾರದ, ಬಡಿದರೆ ಮೊಳಗುವ ಕಲ್ಲು) ಸುಮಾರು 10 ಮೀಟರ್ ಎತ್ತರದ ಬಂಡೆಯ ಮೇಲಿದೆ. ಕೆಳಗೆ ನಿಂತು ನೋಡಿದರೆ ಸಾಕು.

ಮುಳ್ಳುಹಾದಿ:
ಎರಡೇ ಮಾತು. ಬಂಡೆ ಸಂದಿನಾಗ ಹೆಜ್ಜೇನು ಕಟ್ಟಿರ್ತಾವ. ಬೀಡಿ, ಒಲಿ, ಸೆಂಟು, ಕೂಗಾಟ ಯಾವದೂ ಬ್ಯಾಡ. ಎದ್ದರ ಕೈ ಬೀಸಬ್ಯಾಡ್ರಿ, ಮಾರಿ ಮುಚ್ಚಿಕೊಂಡು ದೂರ ನಡೀರಿ. ಚಳಿಗಾಲದಾಗ ಹಾವು ಬಿಸಲು ಕಾಸಾಕ ಬಂಡಿ ಮ್ಯಾಲೆ ಬರ್ತಾವ, ಕಾಣದ ಜಾಗಕ್ಕ ಕೈ ಹಾಕಬ್ಯಾಡ್ರಿ. ಕಚ್ಚಿದ್ರ ಕಟ್ಟು ಬಿಗಿಯೋದು, ಕೊಯ್ಯೋದು ಮಾಡದ, ಕಾಲು ಅಲುಗದಂಗ ಹೊತ್ತು ಇಳಿಸಿ ಗಂಗಾವತಿ ಆಸ್ಪತ್ರಿಗೆ ಒಯ್ಯಬೇಕು. ನಾಲ್ಕು ಮಂದಿ ಗಟ್ಟಿಮುಟ್ಟಾದವರು, ಒಂದು ದಪ್ಪ ಜಮಖಾನ ಗುಂಪಿನಾಗ ಇರಲಿ.

ರಾಯಚೂರು_ಚಾರಣ:
ಬಾಳ ಉಪಕಾರ ಆತ್ರಿ. ಪ್ಲ್ಯಾನ್ ತಿರುವಿ ಹಾಕ್ತೀವಿ. ಒಂದು ಕೇಳೋದದ: ಹಿರಿಯರೊಳಗ ಇಬ್ಬರಿಗೆ ಮಂಡಿನೋವು ಅದ. ಅರ್ಧದಾರಿಗೆ ಬಿಟ್ಟು ಹೋಗಬಹುದೇನು?

ಹಾಸುಬಂಡೆ:
ಒಬ್ಬರನ್ನೇ ಬಿಡಬೇಡಿ. ಮೊದಲ ಅರ್ಧ ತಾಸಿನ ನಿಲುಗಡೆಯಲ್ಲೇ ಕೇಳಿ ನಿರ್ಧರಿಸಿ, ಅಲ್ಲಿಂದ ಇಳಿಯುವುದು ಸುಲಭ. ಜೊತೆಗೊಬ್ಬ ಗಟ್ಟಿಗ ಬಸ್ಸಿನವರೆಗೆ ಹೋಗಲಿ, ಎಣಿಕೆ 24ರಿಂದ ಇಳಿದದ್ದು ಇಬ್ಬರು ಕೊನೆಯಾಳುಗಳಿಗೂ ಗೊತ್ತಿರಲಿ. ಇಲ್ಲದಿದ್ದರೆ ಮೇಲೆ ಮೂರು ಜನ ಕಾಣೆ ಅಂತ ಹುಡುಕಾಟ ಶುರುವಾಗುತ್ತದೆ.